ಫ್ರೀಮಾಂಟ್‌ನಿಂದ ಯೆಲ್ಲೋಸ್ಟೋನ್‌ಗೆ ಟ್ರೇಲರ್ ಎಳ್ಕೊಂಡು: ವೆಲ್ಸ್ ಆದ್ಮೇಲೆ 93 ಹಿಡೀಬೇಕಾ, ಸಾಲ್ಟ್ ಲೇಕ್ ಮೇಲೆ ಹೋಗ್ಬೇಕಾ?

ಹಾಸನದ ಹುಡುಗ

ಎಲ್ರಿಗೂ ನಮಸ್ಕಾರ, ನಾನು ಗೌಡ. ಜುಲೈ ಕೊನೇ ವಾರ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಗೆ ಹೊರಟಿದೀವಿ, ನಾನು, ಹೆಂಡ್ತಿ, ಎಂಟು ವರ್ಷದ ಮಗಳು, ಊರಿಂದ ಬಂದಿರೋ ಅಪ್ಪ ಅಮ್ಮ. ಅಮ್ಮಂಗೆ ಮಂಡಿನೋವು, ಹೊರಗಿನ ಊಟನೂ ಆಗಲ್ಲ, ಅದಕ್ಕೇ ಅಡುಗೆಮನೆ ಬಾತ್‌ರೂಮ್ ಎಲ್ಲಾ ಇರೋ 25 ಅಡಿ ಟ್ರಾವೆಲ್ ಟ್ರೇಲರ್ ಬಾಡಿಗೆಗೆ ಹಿಡಿದಿದೀನಿ. ಎಳೆಯೋಕೆ ನಮ್ಮದೇ ಹಾಫ್ ಟನ್ ಪಿಕಪ್ ಇದೆ. ಇದಕ್ಕೆ ಮುಂಚೆ ಎರಡೇ ಸಲ ಎಳೆದಿರೋದು, ಎರಡೂ ಸಲ ಹತ್ರದ ಊರುಗಳಿಗೆ.

ಫೋನ್ ಮ್ಯಾಪು ಐ-80 ಫ್ರೀವೇಲಿ ರೀನೋ, ವಿನ್ನಮಕ್ಕಾ, ಎಲ್ಕೊ ದಾಟಿ ವೆಲ್ಸ್ ತನಕ ಹೋಗಿ, ಅಲ್ಲಿಂದ ಯುಎಸ್ 93 ಹೆದ್ದಾರಿ ಹಿಡಿದು ಉತ್ತರಕ್ಕೆ ಟ್ವಿನ್ ಫಾಲ್ಸ್, ಆಮೇಲೆ ಪೊಕಾಟೆಲ್ಲೊ, ಐಡಹೊ ಫಾಲ್ಸ್, ಕೊನೆಗೆ ಯುಎಸ್ 20ರಲ್ಲಿ ವೆಸ್ಟ್ ಯೆಲ್ಲೋಸ್ಟೋನ್ ಅಂತ ತೋರಿಸ್ತಿದೆ. ಹತ್ತಿರ ಹತ್ತಿರ 970 ಮೈಲಿ, 15 ಗಂಟೆ. ಎರಡು ದಿನದಲ್ಲಿ ಮುಗಿಸೋಣ, ರಾತ್ರಿ ಎಲ್ಕೊದಲ್ಲಿ ಉಳಿಯೋಣ ಅಂತಿದೀನಿ. 93 ಎರಡು ಲೇನ್ ರೋಡು ಅಂತ ಹೆಂಡ್ತಿಗೆ ಭಯ, ದೂರ ಆದ್ರೂ ಸಾಲ್ಟ್ ಲೇಕ್ ಸಿಟಿ ಮೇಲೆ ಹೋಗಿ ಐ-15 ಫ್ರೀವೇ ಹಿಡಿಯೋಣ ಅಂತಾಳೆ. ಹೋಗಿ ಬಂದಿರೋರು ಹೇಳಿ.

ಹುಬ್ಬಳ್ಳಿ ಟು ರೀನೋ

ಮೊದ್ಲ ಆ ಎರಡ್ ದಿನದ ಪ್ಲಾನ್ ಬಿಟ್ಟಬಿಡ್ರಿ. ಫೋನ್ ಹೇಳೂದು ಕಾರಿನ ಲೆಕ್ಕ. ಕ್ಯಾಲಿಫೋರ್ನಿಯಾದಾಗ ಟ್ರೇಲರ್ ಎಳಿಯೋ ಗಾಡಿಗೆ ಕಾಯ್ದೆ ಪ್ರಕಾರನ 55 ಮೈಲಿ ಲಿಮಿಟ್ ಐತಿ, ನೆವಾಡಾದಾಗ 80 ಅಂತ ಬೋರ್ಡ್ ಇದ್ರೂ ನೀವು 62, 63ರ ಮ್ಯಾಲ ಹೋಗಬ್ಯಾಡ್ರಿ. ಅದ್ರಾಗ 150 ಮೈಲಿಗೊಮ್ಮೆ ಪೆಟ್ರೋಲ್, ಮುದುಕರು ಕಾಲು ಚಾಚಬೇಕು, ಕೂಸಿಗೆ ಹಸಿವು. ನಿಂತಿದ್ದೂ ಸೇರಿಸಿ ತಾಸಿಗೆ 50 ಮೈಲಿ ಬಿದ್ರ ಪುಣ್ಯ. ಅಂದ್ರ 15 ತಾಸು ಅಲ್ಲ, 19, 20 ತಾಸು. ಫ್ರೀಮಾಂಟ್‌ನಿಂದ ಎಲ್ಕೊ 530 ಮೈಲಿ ಆಗತೈತಿ, ಒಂದ ದಿನಕ್ಕ ಅದು ಆಗೂ ಮಾತಲ್ಲ.

ನಾನು ಹೋಗೂದು ಹಿಂಗ: ಮೊದಲನೇ ದಿನ ರೀನೋ, 240 ಮೈಲಿ. ಎರಡನೇ ದಿನ ಎಲ್ಕೊ, 290. ಮೂರನೇ ದಿನ ಐಡಹೊ ಫಾಲ್ಸ್, 325, ಅದು ಸ್ವಲ್ಪ ಉದ್ದ. ನಾಕನೇ ದಿನ ಬರೇ 108 ಮೈಲಿ, ಮಧ್ಯಾಹ್ನದ ಊಟಕ್ಕ ಪಾರ್ಕಿನ ಬಾಗಿಲದಾಗ ಇರ್ತೀರಿ. ನೆವಾಡಾದಾಗ ಮಧ್ಯಾಹ್ನ ಆತಂದ್ರ ಗಾಳಿ ಏಳತೈತಿ, ಅಡ್ಡಗಾಳಿ, ಟ್ರೇಲರಿನ ಮಗ್ಗಲಿಗೆ ಹೊಡದ್ರ ಸ್ಟೇರಿಂಗ್ ಕೈಯಾಗ ನಿಲ್ಲಂಗಿಲ್ಲ. ಅದಕ್ಕ ಬೆಳಿಗ್ಗೆ 6ಕ್ಕ ಬಿಡ್ರಿ, 2ರ ಒಳಗ ಕ್ಯಾಂಪಿಗೆ ಸೇರ್ರಿ. 93ರ ಬಗ್ಗೆ ಅಂಜಬ್ಯಾಡ್ರಿ, ವರ್ಷಕ್ಕೊಮ್ಮೆ ನಾ ಅದ ದಾರ್ಯಾಗ ಎಳ್ಕೊಂಡ ಹೋಗ್ತೀನಿ, ಚೊಲೋ ರೋಡು.

ಸಾಗರದ ಸುಮಾ

ನಾನು ನಿಮ್ಮ ಹೆಂಡತಿ ಕಡೆ. ಮೂರು ವರ್ಷದ ಹಿಂದೆ ಒರೆಗಾನ್ ಪೂರ್ವಕ್ಕೆ ಎರಡು ಲೇನ್ ರೋಡಲ್ಲಿ ಹೋಗ್ತಿದ್ವಿ, ನಮ್ಮದೂ ಬಾಡಿಗೆ ಟ್ರೇಲರ್ರೇ. ಬಲಗಡೆ ಹಿಂದಿನ ಟೈರ್ ಒಡೀತು. ಶಬ್ದ ಕೂಡ ಜೋರಾಗಿ ಬರ್ಲಿಲ್ಲ, ಕನ್ನಡಿಯಲ್ಲಿ ಕಪ್ಪು ರಬ್ಬರ್ ತುಂಡು ಹಾರ್ತಾ ಇದ್ದಿದ್ದು ನೋಡಿ ಗೊತ್ತಾಯ್ತು. ರೋಡಿನ ಅಂಚಲ್ಲಿ ಬಿಳಿ ಗೆರೆ ಆದ್ಮೇಲೆ ಒಂದು ಅಡಿ ಟಾರು, ಆಮೇಲೆ ಇಳಿಜಾರು ಜಲ್ಲಿ. ಅರ್ಧ ಟ್ರೇಲರ್ ರೋಡಲ್ಲೇ ನಿಂತಿತ್ತು. ಟ್ರಕ್ ಹೋದಾಗೆಲ್ಲ ಇಡೀ ಟ್ರೇಲರ್ ಅಲ್ಲಾಡೋದು, ನನ್ನ ಗಂಡ ಅದರ ಪಕ್ಕ ಮಂಡಿ ಊರಿ ಕೂತು ಗಾಡಿಯ ಜಾಕ್ ಹಾಕೋಕೆ ನೋಡ್ತಿದಾರೆ, ಜಾಕ್ ಎತ್ತರಕ್ಕೇ ಸಾಲ್ತಿಲ್ಲ, ನಾನು ಮಗು ಎತ್ಕೊಂಡು ಬೇಲಿ ಆಚೆ ನಿಂತಿದೀನಿ, ಫೋನಲ್ಲಿ ಸಿಗ್ನಲ್ ಇಲ್ಲ. ಎರಡೂವರೆ ಗಂಟೆ. ಆಮೇಲೆ ನೋಡಿದ್ರೆ ಟೈರ್ ಮೇಲಿನ ಡಾಟ್ ನಂಬರಿನ ಕೊನೇ ನಾಲ್ಕು ಅಂಕಿ 2214, ಅಂದ್ರೆ 2014ರ 22ನೇ ವಾರ ಮಾಡಿದ್ದು. ಮೇಲೆ ಹೊಸದರ ಹಾಗೇ ಹೊಳೀತಿತ್ತು. ಬಾಡಿಗೆ ಕೊಟ್ಟವರು ನಮಗೇನೂ ಹೇಳಿರ್ಲಿಲ್ಲ, ಕೇಳ್ಬೇಕು ಅಂತ ನಮಗೂ ಗೊತ್ತಿರ್ಲಿಲ್ಲ.

ಫ್ರೀವೇ ಆಗಿದ್ರೆ ಗಾಡಿ ನಿಲ್ಸೋಕೆ ಬದಿಯಲ್ಲಿ ಹತ್ತು ಅಡಿ ಶೋಲ್ಡರ್ ಇರೋದು. ಜೊತೆಗೆ ವಯಸ್ಸಾದವರು ಇರುವಾಗ 100 ಮೈಲಿ ಜಾಸ್ತಿ ಆದ್ರೂ ಐ-15ರಲ್ಲೇ ಹೋಗಿ ಅಂತೀನಿ.

ಸಾಲ್ಟ್ ಲೇಕ್ ಶೆಟ್ರು

ಸುಮಾ ಅವರು ಅನುಭವಿಸಿದ್ದು ಓದಿ ಮೈ ಜುಂ ಅಂತು. ಆದ್ರೆ ನಮ್ಮೂರಿನ ಮೇಲೆ ಬರೋ ದಾರಿನೂ ಅಷ್ಟು ಸಲೀಸಲ್ಲ ಅಂತ ಹೇಳ್ಲೇಬೇಕು. ವೆಲ್ಸ್‌ನಿಂದ ಟ್ವಿನ್ ಫಾಲ್ಸ್ ಮೇಲೆ ಐಡಹೊ ಫಾಲ್ಸ್ ಸುಮಾರು 280 ಮೈಲಿ, ಸಾಲ್ಟ್ ಲೇಕ್ ಮೇಲೆ ಬಂದ್ರೆ 390. ಫ್ರೀವೇ ಅಂದಾಕ್ಷಣ ಏರು ಇಲ್ಲ ಅಂತಲ್ಲ, ವೆಲ್ಸ್ ಬಿಟ್ಟ ಸ್ವಲ್ಪ ಹೊತ್ತಿಗೇ ಪೆಕ್ವಾಪ್ ಸಮ್ಮಿಟ್, ಹೆಚ್ಚುಕಮ್ಮಿ 7,000 ಅಡಿ, ಅಂದ್ರೆ ನೀವು ರೀನೋಗೆ ಮುಂಚೆ ಡಾನರ್ ಘಟ್ಟ ಹತ್ತಿ ಬಂದಷ್ಟೇ ಎತ್ತರಕ್ಕೆ ಇನ್ನೊಂದು ಸಲ ಹತ್ತಬೇಕು. ವೆಂಡೋವರ್ ದಾಟಿದ ಮೇಲೆ ಉಪ್ಪಿನ ಬಯಲು, ಒಂದು ಮರ ಇಲ್ಲ, ಗುಡ್ಡ ಇಲ್ಲ, ಗಾಳಿಗೆ ತಡೆ ಅನ್ನೋದೇ ಇಲ್ಲ. ಅದು ಮುಗಿದ್ರೆ ಸಾಲ್ಟ್ ಲೇಕಿಂದ ಆಗ್ಡೆನ್ ತನಕ ಊರಿಗೆ ಊರು ಅಂಟಿಕೊಂಡಿದೆ, ಸಂಜೆ 4ರಿಂದ 6ರ ತನಕ ಐದು ಲೇನಲ್ಲೂ ಗಾಡಿ ತುಂಬಿರುತ್ತೆ. ಎರಡೇ ಸಲ ಟ್ರೇಲರ್ ಎಳೆದಿರೋರು ಅದರಲ್ಲಿ ಲೇನ್ ಬದಲಾಯಿಸೋದು ಬಹಳ ಕಷ್ಟ, ಯಾರೂ ಜಾಗ ಬಿಡಲ್ಲ.

ಬರೋದೇ ಆದ್ರೆ ಭಾನುವಾರ ಬೆಳಿಗ್ಗೆ ಊರು ದಾಟೋ ಹಾಗೆ ನೋಡ್ಕೊಳ್ಳಿ. ಬೇಕಾದ್ರೆ ನಮ್ಮನೇಲಿ ಊಟ ಮಾಡ್ಕೊಂಡು ಹೋಗಿ, ಟ್ರೇಲರ್ ನಿಲ್ಸೋಕೆ ಬೀದಿ ಅಗಲ ಇದೆ.

ತುಮಕೂರು ತೆಂಗು

ಯಾರೂ ಯುಎಸ್ 50 ಬಗ್ಗೆ ಹೇಳ್ತಾನೇ ಇಲ್ವಲ್ಲ! 1986ರಲ್ಲಿ ಲೈಫ್ ಪತ್ರಿಕೆ ಅಮೆರಿಕದ ಅತ್ಯಂತ ಒಂಟಿ ರಸ್ತೆ ಅಂತ ಕರೆದಿದ್ದ ರೋಡು ಅದು. ಫಾಲನ್, ಆಸ್ಟಿನ್, ಯುರೀಕಾ, ಈಲಿ. ಐ-80ರಲ್ಲಿ ಟ್ರಕ್ಕುಗಳ ಮಧ್ಯೆ ಸಿಕ್ಕೊಳ್ಳೋ ಬದಲು ಇಲ್ಲಿ ಅರ್ಧ ಗಂಟೆಗೊಂದು ಗಾಡಿ ಕಾಣ್ಸುತ್ತೆ ಅಷ್ಟೇ. ನಮ್ಮಪ್ಪ ಬಂದಾಗ ಕರ್ಕೊಂಡು ಹೋಗಿದ್ದೆ, ಇಷ್ಟು ಖಾಲಿ ಭೂಮಿ ಇದೆ, ಒಂದು ಹುರುಳಿ ಹೊಲನೂ ಇಲ್ವಲ್ಲೋ ಅಂತ ದಾರಿಯುದ್ದಕ್ಕೂ ಹೇಳ್ತಾನೇ ಇದ್ರು. ಗೌಡ್ರೆ, ನಿಮ್ಮ ಅಪ್ಪ ಅಮ್ಮನೂ ಖಂಡಿತ ಖುಷಿ ಪಡ್ತಾರೆ.

ಹುಬ್ಬಳ್ಳಿ ಟು ರೀನೋ

ಅಣ್ಣಾ, ನೀವು ಹೋಗಿದ್ದು ಕಾರಿನ್ಯಾಗೋ ಟ್ರೇಲರ್ ಕಟ್ಕೊಂಡೋ? 50 ನನಗೂ ಭಾಳ ಸೇರತೈತಿ, ಆದ್ರ ಅದು ಒಂದಾದ ಮ್ಯಾಲೊಂದು ಗುಡ್ಡ ಹತ್ತಿ ಇಳಿಯೋ ರೋಡು. ಆಸ್ಟಿನ್ ದಾಟಿದ ಕೂಡ್ಲೇ 7,484 ಅಡಿ, ಅದ್ರಾಗ ಗಕ್ಕನ ತಿರುವು. ಫಾಲನ್‌ನಿಂದ ಆಸ್ಟಿನ್ 110 ಮೈಲಿ, ನಡುವ ಕೆಟ್ಟು ನಿಂತ್ರ ಯಾರನ್ನ ಕರೀತೀರಿ? ಟ್ರೇಲರ್ ಇದ್ರ ಗ್ಯಾಲನ್ನಿಗೆ 9, 10 ಮೈಲಿ ಅಷ್ಟ ಬರೂದು. ಮತ್ತ ಈಲಿಯಿಂದ ವೆಲ್ಸ್‌ಗೆ ವಾಪಸ್ ಉತ್ತರಕ್ಕ 138 ಮೈಲಿ ಏರಬೇಕು. ಎಲ್ಲಾ ಕೂಡಿ 120 ಮೈಲಿ ಜಾಸ್ತಿ, ಅಷ್ಟಾದ್ರೂ ಅವ್ರು ಅಂಜೂ ಎರಡ್ ಲೇನ್ ತಪ್ಪೂದಿಲ್ಲ, ಇನ್ನೂ ಜಾಸ್ತಿ ಆಗತೈತಿ.

ತುಮಕೂರು ತೆಂಗು

ಕಾರಲ್ಲೇ ಹೋಗಿದ್ದು. ನೀವು ಹೇಳೋದು ಸರಿ, ಟ್ರೇಲರ್ ಜೊತೆ ಅಂದ್ರೆ ನಾನು ಒತ್ತಾಯ ಮಾಡಲ್ಲ.

ಬಾಯ್ಸಿ ಬಸವ

ಹದಿನಾಲ್ಕು ವರ್ಷದಿಂದ ಐಡಹೊದಲ್ಲಿದೀನಿ, ಟ್ರೇಲರ್ ಇಟ್ಕೊಂಡು ಒಂಬತ್ತು ವರ್ಷ ಆಯ್ತು. ರೂಟ್ ಚರ್ಚೆ ಚೆನ್ನಾಗಿದೆ ಆದ್ರೆ ತೂಕದ ಬಗ್ಗೆ ಯಾರೂ ಕೇಳಿಲ್ಲ, ನನಗೆ ಆ ಚಿಂತೆ. ಗೌಡ್ರೆ, ಪಿಕಪ್ಪಿನ ಡ್ರೈವರ್ ಬಾಗಿಲು ತೆಗೀರಿ, ಕಂಬದ ಮೇಲೆ ಹಳದಿ ಅಂಚಿನ ಸ್ಟಿಕ್ಕರ್ ಇದೆ, ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರ್ದಿರುತ್ತೆ. ಆ ನಂಬರ್ ಇಲ್ಲಿ ಹಾಕಿ. ಗಾಡಿ ಇಷ್ಟು ಸಾವಿರ ಪೌಂಡ್ ಎಳೆಯುತ್ತೆ ಅಂತ ಜಾಹೀರಾತಲ್ಲಿ ಹೇಳೋದು ಬೇರೆ, ಹಿಚ್ (ಟ್ರೇಲರ್ ಕಟ್ಟೋ ಪಿಕಪ್ಪಿನ ಹಿಂದಿನ ಕೊಂಡಿ) ಮೇಲೆ ಕೂರೋ ಭಾರ ಬೇರೆ. ಟ್ರೇಲರ್ ತೂಕದ ನೂರಕ್ಕೆ 10ರಿಂದ 15 ಭಾಗ ಹಿಚ್ ಮೇಲೆ ಬರ್ಬೇಕು. ಕಮ್ಮಿ ಆದ್ರೆ ಟ್ರೇಲರ್ ಬಾಲ ಅಲ್ಲಾಡಿಸುತ್ತೆ, ಜಾಸ್ತಿ ಆದ್ರೆ ಪಿಕಪ್ ಹಿಂದೆ ಕುಗ್ಗಿ ಮುಂದಿನ ಚಕ್ರಕ್ಕೆ ಹಿಡಿತ ಇರಲ್ಲ.

ಇನ್ನು ಡಾನರ್. ಸ್ಯಾಕ್ರಮೆಂಟೊ ಸಮುದ್ರಮಟ್ಟದಲ್ಲೇ ಇದೆ ಅನ್ಬಹುದು, ಅಲ್ಲಿಂದ ಸುಮಾರು 90 ಮೈಲಿಯಲ್ಲಿ 7,239 ಅಡಿ ಹತ್ತುತ್ತೀರಿ. ನಮ್ಮ ಚಾರ್ಮಾಡಿ ಥರ ಸುತ್ತು ಸುತ್ತಾಗಿ ತಿರುಗಲ್ಲ, ನೇರ ಏರು, ಬಿಡದೇ ಏರು, ಅದಕ್ಕೇ ಮೋಸ ಹೋಗ್ತಾರೆ. ಟರ್ಬೊ ಇಲ್ಲದ ಎಂಜಿನ್ ಆದ್ರೆ ಪ್ರತಿ ಸಾವಿರ ಅಡಿಗೆ ನೂರಕ್ಕೆ 3ರಷ್ಟು ಶಕ್ತಿ ಹೋಗುತ್ತೆ. ಟೋ ಹಾಲ್ ಮೋಡ್ (ಭಾರ ಎಳೆಯೋಕೆ ಇರೋ ಗೇರ್ ಸೆಟಿಂಗ್) ಹಾಕಿ, ಬಲಗಡೆ ಲೇನಲ್ಲಿ ಟ್ರಕ್ಕುಗಳ ಹಿಂದೆ 45ರಲ್ಲಿ ಹೋದ್ರೂ ನಾಚಿಕೆ ಬೇಡ. ನಿಜವಾದ ಪರೀಕ್ಷೆ ವಾಪಸ್ ಬರುವಾಗ, ಅದೇ 90 ಮೈಲಿ ಇಳಿಜಾರು. ಕೆಳಗಿನ ಗೇರಿಗೆ ಹಾಕಿ, ಬ್ರೇಕ್ ಒತ್ತಿ ವೇಗ ಇಳಿಸಿ, ಬಿಟ್ಬಿಡಿ. ಕಾಲು ಬ್ರೇಕ್ ಮೇಲೇ ಇಟ್ಟಿದ್ರೆ ಕಾದು ಹೋಗುತ್ತೆ, ಸುಟ್ಟ ವಾಸನೆ ಬರೋ ಹೊತ್ತಿಗೆ ತಡ ಆಗಿರುತ್ತೆ. ಟ್ರೇಲರ್ ಓಲಾಡೋಕೆ ಶುರು ಆದ್ರೆ ಪಿಕಪ್ ಬ್ರೇಕ್ ಒತ್ಬೇಡಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಕೈ ಹತ್ರ ಇರೋ, ಟ್ರೇಲರ್ ಬ್ರೇಕ್ ಮಾತ್ರ ಹಾಕೋ ಕಂಟ್ರೋಲರಿನ ಲಿವರ್ ಹಿಂಡಿ. ಖಾಲಿ ಪಾರ್ಕಿಂಗ್ ಲಾಟಲ್ಲಿ ನಿಧಾನಕ್ಕೆ ಹೋಗ್ತಾ ಇದನ್ನ ಹತ್ತು ಸಲ ಅಭ್ಯಾಸ ಮಾಡಿ, ಕೈ ತಾನಾಗೇ ಅಲ್ಲಿಗೆ ಹೋಗ್ಬೇಕು.

93 ಬಗ್ಗೆ: ವೆಲ್ಸ್‌ನಿಂದ ಗಡಿಯ ಜಾಕ್‌ಪಾಟ್ 68 ಮೈಲಿ, ಅಲ್ಲಿಂದ ಟ್ವಿನ್ ಫಾಲ್ಸ್ 47. ಅಲ್ಲಲ್ಲಿ ಪಾಸಿಂಗ್ ಲೇನ್ ಇದೆ. ಬೆಳಿಗ್ಗೆ 9ರೊಳಗೆ ಆ ರೋಡಲ್ಲಿದ್ರೆ ಗಾಳಿ ಇರಲ್ಲ. ನಾನಾದ್ರೆ 93.

ಸಾಗರದ ಸುಮಾ

ಬಸವಣ್ಣ, ಗಾಳಿ ಇಲ್ಲದೇ ಇರಬಹುದು, ಟೈರ್ ಒಡೆಯೋಕೆ ಗಾಳಿ ಬೇಕಿಲ್ವಲ್ಲ. 115 ಮೈಲಿ ಎರಡು ಲೇನಲ್ಲಿ ಮೊದಲ ಸಲದವರನ್ನ ಕಳ್ಸೋದಕ್ಕೆ ನನ್ನ ಮನಸ್ಸು ಒಪ್ಪಲ್ಲ.

ಬಾಯ್ಸಿ ಬಸವ

ಒಪ್ಪಿದೆ ತಾಯಿ, ಆದ್ರೆ ಟೈರ್ ಸರಿ ಇಲ್ಲದಿದ್ರೆ ಫ್ರೀವೇಲೂ ಒಡೆಯುತ್ತೆ, ಅಲ್ಲಿ 110 ಮೈಲಿ ಜಾಸ್ತಿ ಉರುಳ್ಬೇಕು, ಜುಲೈ ಬಿಸಿಲಲ್ಲಿ ಅದೂ ಮಧ್ಯಾಹ್ನ. ನಿಮ್ಮ ಕತೆಯಿಂದ ಗೌಡ್ರು ಮೊದಲು ಮಾಡ್ಬೇಕಾದ್ದು ಟೈರಿನ ತಾರೀಖು ನೋಡೋದು. ಐದು ವರ್ಷ ದಾಟಿದ್ರೆ ಬದಲಾಯಿಸದೇ ತಗೊಳ್ಳಲ್ಲ ಅಂತ ಹೇಳ್ಬಿಡಿ. ಗಾಳಿ ಬೆಳಿಗ್ಗೆ ಟೈರ್ ತಣ್ಣಗಿರುವಾಗ, ಬದಿಯಲ್ಲಿ ಬರೆದಷ್ಟು ಪೂರ್ತಿ ಹಾಕಿ. ಟ್ರೇಲರ್ ಎತ್ತೋ ಅಷ್ಟು ಶಕ್ತಿ ಇರೋ ಬಾಟಲ್ ಜಾಕ್, ನಟ್ಟಿಗೆ ಕೂರೋ ಸಾಕೆಟ್, ಎರಡು ಮರದ ತುಂಡು ಜೊತೆಗಿರ್ಲಿ.

ಸಾಗರದ ಸುಮಾ

ಇದು ಸರಿ. ಟೈರಿಗೆ ಅಂಟಿಸೋ ಪ್ರೆಶರ್ ಸೆನ್ಸರ್ ಕಿಟ್ ಸಿಗುತ್ತೆ, ಅದನ್ನೂ ಹಾಕಿಸಿ. ನಮ್ಮ ಹತ್ರ ಅದಿದ್ದಿದ್ರೆ ಒಡೆಯೋಕೆ ಮುಂಚೇನೇ ಗೊತ್ತಾಗ್ತಿತ್ತೋ ಏನೋ. ಈ ಎಲ್ಲಾ ಆದ್ಮೇಲೆ 93ರಲ್ಲಿ ಹೋಗ್ತೀನಿ ಅಂದ್ರೆ ನನ್ನ ತಕರಾರಿಲ್ಲ.

ಹಾಸನದ ಹುಡುಗ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಮೂರು ದಿನದಿಂದ ನಾನೂ ಹೆಂಡ್ತಿನೂ ಒಟ್ಟಿಗೆ ಕೂತು ಓದ್ತಿದೀವಿ. ಶನಿವಾರ ಟ್ರೇಲರ್ ತಂದು, ಸಾಮಾನೆಲ್ಲಾ ತುಂಬಿ ಟ್ರಕ್ ಸ್ಟಾಪಿನ ತೂಕದ ಕಟ್ಟೆಗೆ ಹೋದ್ವಿ. ಟ್ರೇಲರ್ 6,400 ಪೌಂಡ್, ಗರಿಷ್ಠ 7,000 ಇರೋದು. ಹಿಚ್ ಮೇಲೆ 800. ಪಿಕಪ್ ಸ್ಟಿಕ್ಕರಲ್ಲಿ 1,540 ಇದೆ, ಐದು ಜನ ಸೇರಿ 690, ಹಿಚ್ಚಿನ ಕಬ್ಬಿಣ 90, ಹಿಂದೆ ಇಟ್ಟಿದ್ದ ಜನರೇಟರ್ 110. ಕೂಡಿದ್ರೆ 1,690, ಅಂದ್ರೆ 150 ಮೀರಿತ್ತು! ಬಸವಣ್ಣ ಕೇಳದೇ ಇದ್ದಿದ್ರೆ ಹಾಗೇ ಹೊರಟ್ಬಿಡ್ತಿದ್ವಿ. ಜನರೇಟರ್ ಮನೇಲೇ ಬಿಟ್ವಿ. ಟ್ರೇಲರಿನ ನೀರಿನ ಟ್ಯಾಂಕ್ ಇದರಲ್ಲಿ ಮುಂದುಗಡೆ ಇದೆ, 40 ಗ್ಯಾಲನ್, ಅದೇ 330 ಪೌಂಡ್. ಖಾಲಿ ಮಾಡಿ ಮತ್ತೆ ತೂಗಿಸಿದ್ವಿ, ಟ್ರೇಲರ್ 6,070, ಹಿಚ್ ಮೇಲೆ 690ಕ್ಕೆ ಇಳೀತು. ಈಗ 1,470. ನೀರು ಕ್ಯಾಂಪಿಗೆ ಹೋದ್ಮೇಲೆ ತುಂಬಿಸ್ಕೊಳ್ತೀವಿ. ಟೈರು ಎರಡು ವರ್ಷದ್ದು, ನಾಲ್ಕೂ ನೋಡಿದೆ.

ನಾಲ್ಕು ದಿನ ಮಾಡಿದೀವಿ, 93ರಲ್ಲೇ. ಹೆಂಡ್ತಿ ಒಂದೇ ಷರತ್ತು ಹಾಕಿದಾಳೆ, ಹಿಂದೆ ಐದು ಗಾಡಿ ಸಾಲು ನಿಂತ್ರೆ ಜಾಗ ಸಿಕ್ಕಲ್ಲಿ ಬದಿಗೆ ಹಾಕಿ ದಾರಿ ಬಿಡ್ಬೇಕು ಅಂತ.

ಇನ್ನೊಂದೇ ಪ್ರಶ್ನೆ. ವಾಪಸ್ ಬರುವಾಗ ಪಾರ್ಕಿನ ದಕ್ಷಿಣ ಬಾಗಿಲಿಂದ ಗ್ರ್ಯಾಂಡ್ ಟೀಟಾನ್, ಜಾಕ್ಸನ್ ನೋಡ್ಕೊಂಡು ಐಡಹೊ ಫಾಲ್ಸ್‌ಗೆ ಬರೋಣ ಅಂತ. ಮ್ಯಾಪು ಟೀಟಾನ್ ಪಾಸ್ ಅನ್ನೋ ಘಟ್ಟದ ಮೇಲೆ ತೋರಿಸ್ತಿದೆ, ಹೋಗ್ಬಹುದಾ?

ಬಾಯ್ಸಿ ಬಸವ

ಬೇಡ! ಟೀಟಾನ್ ಪಾಸ್ ನೂರಕ್ಕೆ 10ರ ಇಳಿಜಾರು, 8,431 ಅಡಿ. ಟ್ರೇಲರ್ ಜೊತೆ ಅಲ್ಲಿಗೆ ಹೋಗ್ಲೇಬೇಡಿ. ಜಾಕ್ಸನ್‌ನಿಂದ ದಕ್ಷಿಣಕ್ಕೆ ಸ್ನೇಕ್ ನದಿ ಪಕ್ಕದಲ್ಲೇ ಆಲ್ಪೈನ್‌ಗೆ ಬನ್ನಿ, ಅಲ್ಲಿಂದ ಯುಎಸ್ 26ರಲ್ಲಿ ಸ್ವಾನ್ ವ್ಯಾಲಿ ಮೇಲೆ ಐಡಹೊ ಫಾಲ್ಸ್. ಸ್ವಲ್ಪ ಸುತ್ತು, ಆದ್ರೆ ನದಿ ನೋಡ್ಕೊಂಡು ಆರಾಮಾಗಿ ಬರ್ತೀರಿ. ಪಾರ್ಕಿನ ಒಳಗೂ ಟ್ರೇಲರ್ ಎಳ್ಕೊಂಡು ಸುತ್ತಬೇಡಿ, ಕ್ಯಾಂಪಲ್ಲಿ ಬಿಚ್ಚಿಟ್ಟು ಪಿಕಪ್ಪಲ್ಲಿ ಓಡಾಡಿ.

ಟ್ವಿನ್ ಫಾಲ್ಸಲ್ಲಿ ಶೋಶೋನ್ ಜಲಪಾತ ಇದೆ, 212 ಅಡಿ, ನಯಾಗರಕ್ಕಿಂತ ಎತ್ತರ. ಜುಲೈ ಕೊನೇಲಿ ನೀರು ಕಮ್ಮಿ ಇರುತ್ತೆ, ಅಪ್ಪ ಜೋಗದ ಜೊತೆ ಹೋಲಿಸಿದ್ರೆ ಜೋಗಾನೇ ಗೆಲ್ಲೋದು. ಅದಕ್ಕೆ ಇಳಿಯೋ ರೋಡು ಕಡಿದು, ಟ್ರೇಲರ್ ಮೇಲೇ ಬಿಟ್ಟು ಹೋಗಿ.

ಹುಬ್ಬಳ್ಳಿ ಟು ರೀನೋ

ಒಂದು ಮರತಿದ್ದೆ. ಬರೂವಾಗ ಟ್ರಕೀ ಹತ್ರ ಐ-80ರಾಗ ಕ್ಯಾಲಿಫೋರ್ನಿಯಾದವ್ರು ಎಲ್ಲಾ ಗಾಡಿ ನಿಲ್ಲಿಸಿ ಹಣ್ಣು, ಗಿಡ ಏನರ ಅದಾವೇನು ಅಂತ ಕೇಳ್ತಾರ. ಟ್ರೇಲರ್ ಫ್ರಿಜ್ಜಿನ್ಯಾಗ ನಿಂಬೆಹಣ್ಣು, ಕರಿಬೇವು ಉಳಿದಿದ್ರ ಎಲ್ಕೊದಾಗ ಖರ್ಚ ಮಾಡ್ರಿ. ಅಮ್ಮಾರಿಗೆ ಮೊದ್ಲ ಹೇಳಿಡ್ರಿ. ರೀನೋದಾಗ ಇಳಿದ ದಿನ ಫೋನ್ ಹಚ್ಚ್ರಿ, ರೊಟ್ಟಿ ಎಣಗಾಯಿ ಕ್ಯಾಂಪಿಗೆ ತಂದು ಕೊಡ್ತೀನಿ.