ಸಹಾಯ ಬೇಕು: ರಾಗಿ ಮಾಲ್ಟ್ ಘಟಕ ಶುರು ಮಾಡುವ ಮೊದಲು "ಯಾಕೆ" ಅನ್ನೋದು ಗೊತ್ತಿರಬೇಕಾ?

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಕಡೆಯವಳು, ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಊರಲ್ಲಿ ಅಪ್ಪ ರಾಗಿ ಬೆಳೆಯುತ್ತಾರೆ. ಅದನ್ನೇ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಮಾಲ್ಟ್ ಮಾಡಿ ಮಾರುವ ಆಸೆ ಇದೆ.

ದುಡ್ಡಿನ ದಾರಿ ಕಾಣುತ್ತಿದೆ. ಸಣ್ಣ ಆಹಾರ ಘಟಕಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲದ ಜೊತೆ 35% ಸಹಾಯಧನ, ಗರಿಷ್ಠ 10 ಲಕ್ಷದವರೆಗೆ ಇದೆ. ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್ ಸಂಸ್ಥೆಯಂಥ ಕಡೆ ಉಚಿತ ತರಬೇತಿಯೂ ಸಿಗುತ್ತದೆ. ಮನೆಯಲ್ಲೇ ಮಾಡಿದ ಪುಡಿಯನ್ನು ಆಫೀಸಿನವರಿಗೆ, ನೆಂಟರಿಗೆ ಕೊಟ್ಟು ನೋಡಿದೆ. ಕೆಲವರು ಮತ್ತೆ ಕೇಳಿ ತೆಗೆದುಕೊಂಡರು.

ಸಿಕ್ಕಿಹಾಕಿಕೊಂಡಿರೋದು ಬೇರೆ ಕಡೆ. ಯಾರನ್ನು ಕೇಳಿದರೂ "ಲಾಭ ಎಷ್ಟು" ಅಂತಲೇ ಮಾತು. ನನಗೆ ಅದು ಸಾಲದು ಅನಿಸುತ್ತದೆ. ಮಾರಾಟ ಬಿದ್ದ ತಿಂಗಳಲ್ಲೂ, ಹುರಿದ ಹಿಟ್ಟಿಗೆ ತೇವ ತಗುಲಿ ಹಾಳಾದ ದಿನವೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವಂಥ ಕಾರಣ ಬೇಕು. ಕಾಗದದಲ್ಲಿ ಬರೆದು ನೋಡಿದೆ. ಅಪ್ಪನ ರಾಗಿಗೆ ಒಳ್ಳೆ ಬೆಲೆ, ಮಕ್ಕಳಿಗೆ ಒಳ್ಳೆ ಆಹಾರ, ಊರಿನ ಹೆಂಗಸರಿಗೆ ಕೆಲಸ. ಮೂರೂ ನಿಜವೇ. ಆದರೆ ಮೂರನ್ನೂ ಒಟ್ಟಿಗೆ ಹಿಡಿದರೆ ಬೆಲೆ ನಿಗದಿ ಮಾಡುವಾಗಲೇ ಜಗಳ. ರೈತರಿಗೆ ಜಾಸ್ತಿ ಕೊಟ್ಟರೆ ಪ್ಯಾಕೆಟ್ ಬೆಲೆ ಏರುತ್ತದೆ, ಅಂಗನವಾಡಿ ಮಕ್ಕಳ ತಾಯಂದಿರು ಕೊಳ್ಳಲಾರರು, ಅಲ್ವಾ?

ಸಣ್ಣ ಆಹಾರ ಘಟಕ ನಡೆಸುತ್ತಿರುವವರು ದಯವಿಟ್ಟು ಹೇಳಿ: ನಿಮ್ಮ ಮುಖ್ಯ ಉದ್ದೇಶ ಯಾವುದು ಅಂತ ಶುರು ಮಾಡುವ ಮೊದಲೇ ತೀರ್ಮಾನಿಸಿದ್ದಿರಾ, ಇಲ್ಲಾ ಕೆಲಸ ಮಾಡ್ತಾ ಮಾಡ್ತಾ ತಿಳಿಯಿತಾ? ನೌಕರಿ ಬಿಡದೆ ಇದನ್ನು ಪರೀಕ್ಷಿಸಲು ನೀವು ಏನು ಮಾಡಿದಿರಿ?