ಗ್ಯಾರೇಜಿನಲ್ಲಿ ಕಟ್ಟಿದ ಹಾಟ್ ರಾಡ್ ಫ್ರೇಮ್ ರಾತ್ರಿ ಬೆಳಗಾಗುವುದರೊಳಗೆ ಸೊಟ್ಟ! ಉಳಿಸಬಹುದಾ?

ತಿಪಟೂರು_ಡೆಟ್ರಾಯಿಟ್:

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವನು. ಹನ್ನೊಂದು ವರ್ಷದಿಂದ ಡೆಟ್ರಾಯಿಟ್ ಹತ್ತಿರ ಇದ್ದೇನೆ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಕಬ್ಬಿಣಕ್ಕೂ ನನಗೂ ಇದ್ದ ನಂಟು ಅಂದರೆ ಅಪ್ಪನ ಕೊಬ್ಬರಿ ಅಂಗಡಿಯ ತಕ್ಕಡಿ, ಅಷ್ಟೇ. ಇಲ್ಲಿನ ಆಟೋರಾಮಾ ಕಾರ್ ಷೋಗೆ ಒಂದು ಸಲ ಹೋಗಿ ಬಂದೆ ನೋಡಿ, ಅಲ್ಲಿಂದ ಹುಚ್ಚು ಹಿಡಿಯಿತು.

ಗೊತ್ತಿಲ್ಲದವರಿಗೆ: ಹಾಟ್ ರಾಡ್ ಅಂದರೆ ಹಳೇ ಕಾರಿನ ಮೈ ಉಳಿಸಿಕೊಂಡು, ಬೇಡದ್ದೆಲ್ಲ ಕಿತ್ತು ಹಾಕಿ, ದೊಡ್ಡ ಎಂಜಿನ್ ಕೂರಿಸಿ ಓಡಿಸುವುದು. 1930, 40ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಮೇಲೆ, ಮ್ಯೂರಾಕ್, ಎಲ್ ಮಿರಾಜ್ ಕಡೆ, ಹುಡುಗರು ಬೆಳೆಸಿದ ಚಟ ಇದು.

ನನ್ನ ಹತ್ತಿರ ಇರುವುದು 1930ರ ಫೋರ್ಡ್ ಮಾಡೆಲ್ ಎ ಕೂಪೆಯ ಮೈ. ಅದರ ಮೂಲ ಫ್ರೇಮ್, ಅಂದರೆ ಮೈ, ಎಂಜಿನ್ ಎಲ್ಲ ಹೊರುವ ಕಬ್ಬಿಣದ ಚೌಕಟ್ಟು, ಹಿಂದಿನ ಕ್ರಾಸ್‌ಮೆಂಬರ್ (ಅಡ್ಡಪಟ್ಟಿ) ಹತ್ತಿರ ತುಕ್ಕು ತಿಂದು ಹಪ್ಪಳ ಆಗಿದೆ. ಚೆನ್ನಾಗಿದ್ದರೂ ಅದು 40 ಹಾರ್ಸ್‌ಪವರ್ ಎಂಜಿನ್ನಿಗೆ ಮಾಡಿದ್ದು. ನಾನು ಹಾಕಬೇಕು ಅಂದುಕೊಂಡಿರುವುದು ಷೆವ್ರೊಲೆ 350 ಕ್ಯೂಬಿಕ್ ಇಂಚಿನ ವಿ8. ಹಾಗಾಗಿ 2x4 ಇಂಚಿನ ಬಾಕ್ಸ್ ಟ್ಯೂಬ್ ತಂದು ಹೊಸ ಫ್ರೇಮ್ ಮಾಡಲು ಹೊರಟೆ. ಟ್ಯೂಬಿನ ದಪ್ಪ 3/16 ಇಂಚು. 24 ಅಡಿಯ ಒಂದು ಟ್ಯೂಬ್ ಹತ್ತಿರ ಹತ್ತಿರ 75 ಕಿಲೋ ತೂಗುತ್ತೆ. ಅದನ್ನು ಕತ್ತರಿಸದೆ ಮನೆಗೆ ತರಲು ಆಗಲ್ಲ ಅಂತ ಅಂಗಡಿಯಲ್ಲಿ ನಿಂತ ಮೇಲೆ ಗೊತ್ತಾಯಿತು.

ಗ್ಯಾರೇಜ್ ನೆಲದ ಮೇಲೆ ನಾಲ್ಕು ಜಾಕ್ ಸ್ಟ್ಯಾಂಡನ್ನು ಒಂದೇ ಎತ್ತರಕ್ಕೆ ಇಟ್ಟೆ. ಅದರ ಮೇಲೆ ಎರಡು ರೈಲ್ (ಉದ್ದಕ್ಕೆ ಹೋಗುವ ಟ್ಯೂಬ್) ಇಟ್ಟು, ಮುಂದೆ ಹಿಂದೆ ಕ್ರಾಸ್‌ಮೆಂಬರ್, ನಡುವೆ X ಆಕಾರದ ಎಕ್ಸ್‌ಮೆಂಬರ್, ಎಲ್ಲ ಟ್ಯಾಕ್ ಮಾಡಿದೆ, ಅಂದರೆ ಅಲ್ಲಲ್ಲಿ ಚುಕ್ಕಿ ಇಟ್ಟ ಹಾಗೆ ಬೆಸೆದೆ. ಮೂಲೆಯಿಂದ ಮೂಲೆಗೆ ಮೂರು ಸಲ ಅಳೆದೆ. ಎರಡೂ ಕಡೆ ಸರಿಯಾಗಿ ಒಂದೇ. ಶನಿವಾರ ಮನೆಯವಳೂ ಮಗಳೂ ಕನ್ನಡ ಕೂಟದ ರಾಜ್ಯೋತ್ಸವ ನಾಟಕದ ಪ್ರಾಕ್ಟೀಸಿಗೆ ಹೋದರು. ಮನೆ ಖಾಲಿ. ಒಂದೇ ಸಂಜೆಗೆ ಎಲ್ಲ ವೆಲ್ಡ್ ಮುಗಿಸಿಬಿಟ್ಟೆ. ಮೊದಲು ಎಡ ರೈಲ್ ಪೂರ್ತಿ, ಆಮೇಲೆ ಬಲ ರೈಲ್. ಎಕ್ಸ್‌ಮೆಂಬರ್ ಕೂರುವ ಕಡೆ ರೈಲಿನ ಒಳಮೈಗೆ 18 ಇಂಚು ಉದ್ದದ ಪಟ್ಟಿ ಇಟ್ಟು, ಸುತ್ತಲೂ ಒಂದೇ ಎಳೆಯಲ್ಲಿ ಬೀಡ್ (ವೆಲ್ಡಿನ ಗೆರೆ) ಎಳೆದಿದ್ದೇನೆ. ನೋಡಲು ಚೆನ್ನಾಗೇ ಇತ್ತು.

ಬೆಳಿಗ್ಗೆ ಅಳೆದರೆ ಒಂದು ಮೂಲೆ ಅಳತೆ ಇನ್ನೊಂದಕ್ಕಿಂತ 3/8 ಇಂಚು ಜಾಸ್ತಿ. ಎಡ ರೈಲ್ ನಡುವಿನಲ್ಲಿ ಹೊರಕ್ಕೆ ಉಬ್ಬಿದೆ. ಗ್ರೈಂಡ್ ಮಾಡಲು ಫ್ರೇಮ್ ತಿರುಗಿಸಿ ಬೇರೆ ಕಡೆ ಇಟ್ಟರೆ ಮೂರೇ ಸ್ಟ್ಯಾಂಡಿನ ಮೇಲೆ ಕೂರುತ್ತೆ. ನಾಲ್ಕನೆಯದರ ಮೇಲೆ ಪೆನ್ಸಿಲ್ ತೂರುವಷ್ಟು ಸಂದು.

ಇದು ಗುಜರಿಗೇನಾ? ಅಥವಾ ಉಳಿಸಿಕೊಳ್ಳಬಹುದಾ?

ಕೊಲಂಬಸ್_ಕಮ್ಮಾರ:

ಗುಜರಿಗೆ ಯಾಕೆ ಹಾಕುತ್ತೀರಿ? ಉಳಿಯುತ್ತೆ. ನನ್ನದು ಹರಿಹರ. ಒಹಾಯೋಗೆ ಬಂದು ಇಪ್ಪತ್ತಾರು ವರ್ಷ ಆಯಿತು. ಇದೇ ರೀತಿಯ ಎರಡು ಫ್ರೇಮ್ ಮಾಡಿದ್ದೇನೆ. ಮೊದಲನೆಯದು ನಿಮ್ಮದಕ್ಕಿಂತ ಕೆಟ್ಟದಾಗಿತ್ತು, ಆದರೆ ನಾನು ಅಳೆಯಲೇ ಇಲ್ಲ. ಬಣ್ಣ ಹೊಡೆದು, ಮೈ ಕೂರಿಸಿ, ರಸ್ತೆಗೆ ಇಳಿಸಿದ ಮೇಲೆ ಗೊತ್ತಾಯಿತು. ಸ್ಟೀರಿಂಗ್ ಬಿಟ್ಟರೆ ಸಾಕು, ನೊಗ ತಪ್ಪಿದ ಎತ್ತಿನ ಹಾಗೆ ಎಡಕ್ಕೆ ಎಳೆಯುತ್ತಿತ್ತು. ಹಿಂದಿನ ಆಕ್ಸಲ್ ಅರ್ಧ ಇಂಚು ಓರೆ ಕೂತಿತ್ತು. ಮತ್ತೆ ಎಲ್ಲ ಬಿಚ್ಚಿದೆ. ನೀವು ಬಣ್ಣಕ್ಕೆ ಮುಂಚೆ ಅಳೆದಿದ್ದೀರಿ, ಅದೇ ಪುಣ್ಯ.

ನಿಮ್ಮ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇದೆ. ಒಂದನ್ನೊಂದು ಕಲಸಬೇಡಿ.

ಮೊದಲನೆಯದು ಆ ಪೆನ್ಸಿಲ್ ಸಂದು. ಜಾಗ ಬದಲಾಯಿಸಿದ ಮೇಲೆ ಅಲ್ಲಾಡುತ್ತಿದೆ ಅಂದಿರಿ. ಹಾಗಾದರೆ ಸೊಟ್ಟ ಇರುವುದು ಫ್ರೇಮಾ, ನೆಲವಾ? ಇಲ್ಲಿನ ಗ್ಯಾರೇಜ್ ನೆಲವನ್ನು ಬಾಗಿಲ ಕಡೆಗೆ ಇಳಿಜಾರು ಮಾಡಿಯೇ ಹಾಕಿರುತ್ತಾರೆ, ಕಾರಿನಿಂದ ಕರಗಿ ಬೀಳುವ ಹಿಮದ ನೀರು ಹೊರಗೆ ಹರಿಯಲಿ ಅಂತ. ಇಳಿಜಾರು ಒಂದೇ ಸಮ ಇದ್ದರೆ ಫ್ರೇಮ್ ವಾಲುತ್ತದೆ ಅಷ್ಟೇ, ತಿರುಚುವುದಿಲ್ಲ. ಆದರೆ ಕಾಂಕ್ರೀಟ್ ಯಾವತ್ತೂ ಒಂದೇ ಸಮ ಇರಲ್ಲ. ಒಂದು ಮೂಲೆ ಸ್ವಲ್ಪ ತಗ್ಗಿದ್ದರೆ, ನೀವು ಸ್ಟ್ಯಾಂಡನ್ನು ಎಷ್ಟೇ ಒಂದೇ ಎತ್ತರಕ್ಕೆ ಇಟ್ಟರೂ ಆ ತಗ್ಗನ್ನೇ ಫ್ರೇಮಿಗೆ ಬೆಸೆದಂತೆ. ಮೊದಲು ಸ್ಟ್ಯಾಂಡ್ ಇದ್ದ ನಾಲ್ಕು ಜಾಗದ ಮಟ್ಟ ಅಳೆಯಿರಿ. ಫ್ರೇಮಿಗೆ ಒಂದು ಉಪಾಯ: ನೇರ ಇರುವ ಎರಡು ಪಟ್ಟಿಯನ್ನು, ಒಂದು ಮುಂದೆ ಒಂದು ಹಿಂದೆ, ಫ್ರೇಮಿಗೆ ಅಡ್ಡ ಇಟ್ಟು ಒಂದು ಕಣ್ಣು ಮುಚ್ಚಿ ಸಾಲಾಗಿ ನೋಡಿ. ಹಲಗೆ ತಿರುಚಿದೆಯಾ ಅಂತ ಆಚಾರಿಗಳು ನೋಡುವುದೂ ಹೀಗೇ ಅಲ್ವಾ.

ಎರಡನೆಯದು ರೈಲ್ ಉಬ್ಬಿರುವುದು ಮತ್ತು 3/8 ಇಂಚು ವ್ಯತ್ಯಾಸ. ಇದು ನೂರಕ್ಕೆ ನೂರು ಶಾಖದ ಕೆಲಸ. ಬೀಡ್ ಆರುವಾಗ ಕುಗ್ಗುತ್ತೆ. ಒಳಮೈ ಮೇಲೆ 18 ಇಂಚು ಒಂದೇ ಎಳೆ ಎಳೆದಿರಿ, ಒಳಮೈ ಗಿಡ್ಡವಾಯಿತು, ರೈಲ್ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿತು. ಎಡಗಡೆ ಪೂರ್ತಿ ಮೊದಲು ಮುಗಿಸಿದ್ದರಿಂದ ಆರುವಾಗ ಅದು ಎಲ್ಲವನ್ನೂ ತನ್ನ ಕಡೆ ಎಳೆದುಕೊಂಡಿತು. ಬಲಗಡೆಯ ವೆಲ್ಡ್ ಬರುವ ಹೊತ್ತಿಗೆ ಅದನ್ನು ವಾಪಸ್ ಎಳೆಯುವ ಶಕ್ತಿ ಉಳಿದಿರಲಿಲ್ಲ.

ಏನು ಮಾಡಬೇಕು: ಎಕ್ಸ್‌ಮೆಂಬರಿನ ಕಾಲುಗಳನ್ನೂ, ಹಿಂದಿನ ಕ್ರಾಸ್‌ಮೆಂಬರಿನ ಒಂದು ತುದಿಯನ್ನೂ ತೆಳ್ಳಗಿನ ಕಟಿಂಗ್ ವೀಲಿನಲ್ಲಿ ಕತ್ತರಿಸಿ ಬಿಡಿಸಿ. ಮುಂದಿನದನ್ನು ಮುಟ್ಟಬೇಡಿ. ನೆಲದ ಆಸೆ ಬಿಟ್ಟು ಎರಡು ಹಳೇ ಐ-ಬೀಮ್ ತಂದು, ಶಿಮ್ (ತೆಳು ತಗಡು) ಕೊಟ್ಟು ಮಟ್ಟ ಮಾಡಿ, ಫ್ರೇಮನ್ನು ಅದಕ್ಕೆ ಕ್ಲಾಂಪ್ ಹಾಕಿ ಬಿಗಿಯಿರಿ. ಬೀಮುಗಳ ನಡುವೆ ಒಂದು ತೆಳು ತಂತಿ ಎಳೆಯಿರಿ. ಅದೇ ನಡುಗೆರೆ. ಮಾಡೆಲ್ ಎ ಫ್ರೇಮ್ ಮುಂದೆ ಕಿರಿದು, ಹಿಂದೆ ಅಗಲ. ಹಾಗಾಗಿ ಎಲ್ಲ ಅಳತೆಯೂ ನಡುಗೆರೆಯಿಂದಲೇ ಹೊರಡಬೇಕು, ಹೊರ ಅಂಚಿನಿಂದ ಅಲ್ಲ. ಆಮೇಲೆ ಒಂದೊಂದೇ ಇಂಚು ವೆಲ್ಡ್. ಎಡ ಮುಂದೆ ಒಂದು, ಬಲ ಹಿಂದೆ ಒಂದು, ಬಲ ಮುಂದೆ ಒಂದು, ಹೀಗೆ. ಬರಿಗೈ ಇಡುವಷ್ಟು ತಣ್ಣಗಾಗುವ ತನಕ ಆ ಜಾಗಕ್ಕೆ ವಾಪಸ್ ಹೋಗಬೇಡಿ. ಕ್ಲಾಂಪ್ ಬಿಚ್ಚುವುದು ಮಾರನೇ ದಿನ.

ಉಬ್ಬಿದ ರೈಲಿಗೆ ಗ್ಯಾಸ್ ಟಾರ್ಚ್ ಇದ್ದರೆ ಹೊರಮೈ ಮೇಲೆ ಬೆಣೆ ಆಕಾರದಲ್ಲಿ ಮಂಕು ಕೆಂಪು ಬರುವಷ್ಟು ಕಾಯಿಸಿ, ಸುಮ್ನೆ ಆರಲು ಬಿಡಿ. 650 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಆರುವಾಗ ಅದೇ ಕುಗ್ಗುವಿಕೆ ಈ ಸಲ ನಿಮ್ಮ ಪರವಾಗಿ ಕೆಲಸ ಮಾಡುತ್ತೆ.

ಪೀಣ್ಯ_ಫ್ಯಾಬ್ರಿಕೇಟರ್:

ಕೊಲಂಬಸ್ ಸಾರ್ ಹೇಳಿದ್ದು ಒಪ್ಪಿದೆ, ಕೊನೇ ಪ್ಯಾರಾ ಬಿಟ್ಟು. ಮೊದಲನೇ ಸಲ ಮಾಡುವವರ ಕೈಗೆ ಟಾರ್ಚ್ ಕೊಡಬೇಡಿ ಸಾರ್. ನಮ್ಮ ಶೆಡ್ಡಿನಲ್ಲಿ ಹತ್ತು ವರ್ಷ ಆದವರೂ ಒಂದೊಂದು ಸಲ ಜಾಸ್ತಿ ಕಾಯಿಸಿ ಇನ್ನೊಂದು ಕಡೆ ಬಾಗಿಸಿರುತ್ತಾರೆ. ಆ 18 ಇಂಚು ಪಟ್ಟಿಯ ಬೀಡನ್ನು ಅಲ್ಲಲ್ಲಿ ಗ್ರೈಂಡ್ ಮಾಡಿ ತೆಗೆದರೆ ಅರ್ಧ ಉಬ್ಬು ತಾನಾಗೇ ಇಳಿಯುತ್ತೆ. ಅಷ್ಟು ಉದ್ದಕ್ಕೆ ಬಿಡದೆ ವೆಲ್ಡ್ ಬೇಕಾಗೇ ಇರಲಿಲ್ಲ. ಜಾಬ್ ಎಳ್ಕೊಳ್ಳುತ್ತೆ ಅಂತ ಹೆಲ್ಪರ್ ಹುಡುಗನಿಗೆ ನಾವು ಮೊದಲ ವಾರವೇ ಹೇಳುವುದು ಇದನ್ನೇ.

ನನ್ನ ಚಿಂತೆ ಬೇರೆ. "ನೋಡಲು ಚೆನ್ನಾಗೇ ಇತ್ತು" ಅಂದಿರಲ್ಲ, ಅದು. ಮಿಗ್ (ತಂತಿ ತಾನಾಗೇ ಬರುವ ಮೆಷಿನ್) ವೆಲ್ಡಿಂಗ್ ನೋಡಲು ಚೆನ್ನಾಗಿದ್ದು ಒಳಗೆ ಹಿಡಿದೇ ಇರಲ್ಲ. ಉಳಿದ ಟ್ಯೂಬಿನ ಎರಡು ತುಂಡು ತಗೊಳ್ಳಿ. ಅದೇ ಸೆಟ್ಟಿಂಗಿನಲ್ಲಿ ಬೆಸೆದು, ಬೀಡಿಗೆ ಅಡ್ಡಲಾಗಿ ಸೀಳಿ ನೋಡಿ. ಟ್ಯೂಬಿನ ಮೇಲಿನ ಕಪ್ಪು ಪದರ ಗ್ರೈಂಡ್ ಮಾಡಿ ಹೊಳೆಯುವ ಲೋಹ ಬರಿಸಿದ್ರಾ?

ಇನ್ನೊಂದು, ರೈಲಿಗೆ ಎಲ್ಲಾದರೂ ಜಾಯಿಂಟ್ ಇದೆಯಾ? ಹಿಂದಿನ ಆಕ್ಸಲ್ ಮೇಲೆ ಹಾಯಲು ರೈಲನ್ನು ಮೇಲಕ್ಕೆ ಎತ್ತುವ ಕಡೆ ಇರಲೇಬೇಕು. ಅಲ್ಲಿ ನೇರ ಅಡ್ಡಗೆರೆಯ ವೆಲ್ಡ್ ಒಂದನ್ನೇ ನಂಬಬೇಡಿ. ಪಕ್ಕದ ಮೈಗೆ ಡೈಮಂಡ್ ಆಕಾರದ ಪಟ್ಟಿ ಹಾಕಿ. ಚೌಕ ಪಟ್ಟಿ ಹಾಕಿದರೆ ಅದರ ಅಂಚಿನಲ್ಲೇ ಇನ್ನೊಂದು ಅಡ್ಡಗೆರೆ ಬರುತ್ತೆ, ಬಿರುಕು ಅಲ್ಲಿಂದ ಶುರು.

(ಇಲ್ಲಿ ಯಾರಾದರೂ ಇದನ್ನು ಓದಿ ಬೆಂಗಳೂರಿನಲ್ಲಿ ಶುರು ಮಾಡೋಣ ಅಂದುಕೊಂಡರೆ, ಬೇಡ. ಕಂಪನಿ ಕೊಟ್ಟ ಚಾಸಿ ಬದಲಾಯಿಸಲು ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡಲ್ಲ. ನನ್ನನ್ನು ವಾರಕ್ಕೊಬ್ಬರು ಕೇಳುತ್ತಾರೆ.)

ಕಡಲೂರ_ಕಾರು:

ಒಂದೇ ಪ್ರಶ್ನೆ. ವೆಲ್ಡ್ ಮಾಡುವ ಮುಂಚೆ ಟ್ಯೂಬಿನ ಎಣ್ಣೆ ಒರೆಸಿದ್ದು ಯಾವುದರಲ್ಲಿ?

ತಿಪಟೂರು_ಡೆಟ್ರಾಯಿಟ್:

ಬ್ರೇಕ್ ಕ್ಲೀನರ್ ಸ್ಪ್ರೇನಲ್ಲಿ. ಯಾಕೆ?

ಕಡಲೂರ_ಕಾರು:

ಆ ಡಬ್ಬಿ ಹಿಂದೆ ಏನು ಬರೆದಿದೆ ಓದಿ. ಟೆಟ್ರಾಕ್ಲೋರೋಎಥಿಲೀನ್ ಅಂತ ಇದ್ದರೆ ಅದನ್ನು ವೆಲ್ಡಿಂಗ್ ಜಾಗದಿಂದ ಆಚೆ ಇಡಿ, ಇವತ್ತೇ. ಆರ್ಕಿನ ಶಾಖಕ್ಕೂ ಬೆಳಕಿಗೂ ಅದು ಫಾಸ್ಜೀನ್ ಅನಿಲ ಆಗಬಹುದು. ಮೊದಲನೇ ಮಹಾಯುದ್ಧದಲ್ಲಿ ವಿಷಾನಿಲ ಅಂತ ಬಳಸಿದ್ದು ಅದನ್ನೇ. ಉಸಿರಾಡಿದ ಕೂಡಲೇ ಏನೂ ಗೊತ್ತಾಗದೆ, ಗಂಟೆಗಟ್ಟಲೆ ಆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅಸಿಟೋನ್ ಬಳಸಿ, ಪೂರ್ತಿ ಒಣಗಲು ಬಿಡಿ, ಆ ಬಟ್ಟೆಯನ್ನೂ ಹೊರಗೆ ಹಾಕಿ. ಚಳಿ ಅಂತ ಗ್ಯಾರೇಜ್ ಬಾಗಿಲು ಪೂರ್ತಿ ಮುಚ್ಚಬೇಡಿ.

ಆಮೇಲೆ ಹಳೇ ಫ್ರೇಮ್ ಬಿಸಾಕಿಲ್ಲ ತಾನೇ? ಮಾಡೆಲ್ ಎ ಗಾಡಿಯ ಗುರುತಿನ ನಂಬರ್ ಫ್ರೇಮಿನ ಎಡ ರೈಲಿನ ಮೇಲೆ ಒತ್ತಿರುತ್ತಾರೆ. ಮೈ ಎತ್ತಿದರೆ ಕಾಣುತ್ತೆ. ಅದನ್ನು ಕತ್ತರಿಸಿ ಹೊಸದಕ್ಕೆ ಅಂಟಿಸುವ ಕೆಲಸ ಮಾತ್ರ ಮಾಡಬೇಡಿ, ಅದು ಕ್ರಿಮಿನಲ್ ಕೇಸು. ಮಿಷಿಗನ್‌ನಲ್ಲಿ ಗಾಡಿ ಕಾಗದ ಎಲ್ಲ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಮೊದಲೇ ಹೋಗಿ ಕೇಳಿ.

ತಿಪಟೂರು_ಡೆಟ್ರಾಯಿಟ್:

ಡಬ್ಬಿ ನೋಡಿದೆ. ಅದೇ ಹೆಸರು ಇದೆ. ಕೈ ನಡುಗಿತು, ಸುಳ್ಳು ಹೇಳಲ್ಲ. ನನ್ನ ಅದೃಷ್ಟಕ್ಕೆ ಒರೆಸಿದ್ದು ಶುಕ್ರವಾರ, ವೆಲ್ಡ್ ಮಾಡಿದ್ದು ಶನಿವಾರ. ಹಳೇ ಫ್ರೇಮ್ ಹಿತ್ತಲಲ್ಲಿದೆ, ನಂಬರ್ ಕಾಣುತ್ತೆ.

ತಿಪಟೂರು_ಡೆಟ್ರಾಯಿಟ್ (ಮೂರು ವಾರದ ಮೇಲೆ):

ಏನಾಯಿತು ಹೇಳುತ್ತೇನೆ.

ಮೊದಲು ನೆಲ. ಲೇಸರ್ ಮಟ್ಟ ಕೊಳ್ಳುವ ಬದಲು ನಮ್ಮೂರ ಗಾರೆ ಮೇಸ್ತ್ರಿ ಮಾಡುವ ಹಾಗೆ ನೀರಿನ ಪೈಪ್ ಹಿಡಿದೆ. ಪಾರದರ್ಶಕ ಪೈಪ್, ನೀರು ಕಾಣಲಿ ಅಂತ ಚಿಟಿಕೆ ಅರಿಶಿನ. ಇನ್ನೊಂದು ತುದಿ ಹಿಡಿದವಳು ಮಗಳು. ಬಲ ಹಿಂದಿನ ಸ್ಟ್ಯಾಂಡ್ ಇದ್ದ ಜಾಗ ಉಳಿದ ಮೂರರ ಲೆಕ್ಕಕ್ಕೆ 1/4 ಇಂಚು ತಗ್ಗು! ಎರಡು ಪಟ್ಟಿ ಅಡ್ಡ ಇಟ್ಟು ನೋಡಿದಾಗಲೂ ಫ್ರೇಮ್ ತಿರುಚಿದ್ದು ಕಂಡಿತು. ಆ ತಗ್ಗನ್ನು ನಾನೇ ಅಳೆದು ತೂಗಿ ಫ್ರೇಮಿನೊಳಗೆ ಬೆಸೆದಿದ್ದೆ.

ಗುಜರಿಯಿಂದ 6 ಇಂಚಿನ ಎರಡು ಐ-ಬೀಮ್ ತಂದು ಮಟ್ಟ ಮಾಡಲು ಎರಡು ಸಂಜೆ ಹಿಡಿಯಿತು. ಎಕ್ಸ್‌ಮೆಂಬರಿನ ಮೂರು ಕಾಲು ಕತ್ತರಿಸುವಾಗ ಏನೂ ಆಗಲಿಲ್ಲ. ನಾಲ್ಕನೆಯದು ಇನ್ನೊಂದು ಬೆರಳಗಲ ಬಾಕಿ ಇತ್ತು. ಆಗ "ಟಂಗ್" ಅಂತ ದೇವಸ್ಥಾನದ ಗಂಟೆ ಹೊಡೆದ ಹಾಗೆ ಸದ್ದು ಬಂದು ತಾನಾಗೇ ಬಿಟ್ಟುಕೊಂಡಿತು. ಕಟ್ ಮಾಡಿದ ಗೆರೆ ಕಣ್ಣೆದುರೇ 1/8 ಇಂಚು ಬಾಯಿ ಬಿಟ್ಟಿತು. ಅಷ್ಟು ದಿನ ಆ ಕಬ್ಬಿಣ ಒಳಗೊಳಗೇ ಬಿಗಿದುಕೊಂಡು ಕೂತಿತ್ತು ಅಂತ ಆಗ ಅರ್ಥ ಆಯಿತು. ಮಗಳು ಮನೆಯೊಳಗಿಂದ ಓಡಿ ಬಂದಳು.

ಪೀಣ್ಯ ಸಾರ್, ಟಾರ್ಚ್ ಮುಟ್ಟಲಿಲ್ಲ. ಬೀಡನ್ನು ಮೂರು ಮೂರು ಇಂಚಿಗೆ ತೆಗೆದೆ, ಉಬ್ಬು 3/16ರಿಂದ 1/16ಕ್ಕೆ ಇಳಿಯಿತು. ಅಲ್ಲಿಗೆ ಬಿಟ್ಟೆ. ತುಂಡು ಸೀಳಿ ನೋಡಿದೆ. ಮೊದಲ ತುಂಡಿನಲ್ಲಿ ನೀವು ಅಂದ ಹಾಗೇ ಒಂದು ಕಡೆ ಹಿಡಿದೇ ಇರಲಿಲ್ಲ. ಕಪ್ಪು ಪದರ ಬಿಟ್ಟಿದ್ದೆ. ಹಾಗಾಗಿ ಹಳೇ ವೆಲ್ಡ್ ಎಲ್ಲ ತೆಗೆದು ಮತ್ತೆ ಹಾಕಿದೆ, ಒಂದೊಂದೇ ಇಂಚು. ಮಧ್ಯೆ ಆರಲು ಬಿಟ್ಟಾಗ ಕಾಫಿ. ಅವತ್ತು ಒಂಬತ್ತು ಲೋಟ ಆಗಿರಬಹುದು.

ಮೂಲೆ ಅಳತೆ ಈಗ 1/16 ಇಂಚು ವ್ಯತ್ಯಾಸ. ಸಾಕಾ? ಎಂಜಿನ್ ಮೌಂಟ್ (ಎಂಜಿನ್ ಕೂರುವ ಹಿಡಿ) ವೆಲ್ಡ್ ಮಾಡಿಬಿಡಲಾ?

ಕೊಲಂಬಸ್_ಕಮ್ಮಾರ:

ಧಾರಾಳ ಸಾಕು. ಮೌಂಟ್ ಮಾತ್ರ ಬೇಡ. ಖಾಲಿ ಫ್ರೇಮಿನ ಮೇಲೆ ಲೆಕ್ಕ ಹಾಕಿ ಮೌಂಟ್ ಬೆಸೆದವರೆಲ್ಲ ಕತ್ತರಿಸಿದ್ದನ್ನು ನೋಡಿದ್ದೇನೆ. ಮೊದಲು ಆಕ್ಸಲ್, ಚಕ್ರ ಹಾಕಿ ಕಾರು ನಿಲ್ಲುವ ಎತ್ತರಕ್ಕೆ ತನ್ನಿ. ಮುಂದಿನ ಆಕ್ಸಲ್ ಹಿಂದಕ್ಕೆ 6 ಡಿಗ್ರಿ ವಾಲಿರಲಿ. ಆಮೇಲೆ ಎಂಜಿನ್ನು, ಗೇರ್‌ಬಾಕ್ಸ್ ಎರಡನ್ನೂ ಜೋಡಿಸಿ ಇಳಿಸಿ, ಹಿಂಬದಿ 3 ಡಿಗ್ರಿ ಕೆಳಗೆ. ಮೈಯನ್ನೂ ಒಂದು ಸಲ ಮೇಲೆ ಇಟ್ಟು ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು) ತಾಗುತ್ತಾ ನೋಡಿ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಹಂಚುವ ಭಾಗ) ಹಿಂದೆ ಕೈ ಹೋಗಬೇಕು. ಅಷ್ಟೂ ಆದ ಮೇಲೆ ಮೌಂಟಿಗೆ ಟ್ಯಾಕ್. ಬರೀ ಟ್ಯಾಕ್.

ತಿಪಟೂರು_ಡೆಟ್ರಾಯಿಟ್:

ಆಯ್ತು ಅಣ್ಣಾ. ಎಂಜಿನ್ ಎತ್ತುವ ಹಾಯಿಸ್ಟ್ ಪಕ್ಕದ ಮನೆಯವರ ಹತ್ತಿರ ಇದೆ. ಹೋದ ವಾರ ಆ "ಟಂಗ್" ಕೇಳಿದಾಗಿನಿಂದ ಅವರೂ ದಿನಾ ಬಂದು ಇಣುಕುತ್ತಿದ್ದಾರೆ.