ಯಾಂಗ್ತ್ಸೆ ನದಿಯಲ್ಲಿ ಕಡಿಮೆ ಖರ್ಚಿನ ಹಡಗು ಪ್ರಯಾಣ: ಹೋಗಿ ಬಂದವರು ದಯವಿಟ್ಟು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಕೆಲಸ ಬೆಂಗಳೂರಿನಲ್ಲಿ. ಸೆಪ್ಟೆಂಬರ್ ಕೊನೆಗೆ ಒಬ್ಬಳೇ ಬ್ಯಾಗ್ ಹೆಗಲಿಗೇರಿಸಿಕೊಂಡು ಚೀನಾ ಸುತ್ತಲು ಹೊರಟಿದ್ದೇನೆ. ಚೋಂಗ್‌ಚಿಂಗ್‌ನಿಂದ ಯಿಚಾಂಗ್‌ವರೆಗೆ ಯಾಂಗ್ತ್ಸೆ ನದಿಯಲ್ಲಿ ಹಡಗಿನಲ್ಲಿ ಹೋಗಬೇಕು, ಆ ಮೂರು ಕಮರಿಗಳನ್ನು ನೋಡಬೇಕು ಎಂಬುದು ಬಹಳ ದಿನದ ಆಸೆ. ಇಂಗ್ಲಿಷಿನಲ್ಲಿ ಹುಡುಕಿದರೆ ಬರೀ ಐಷಾರಾಮಿ ಕ್ರೂಸ್‌ಗಳೇ ಸಿಗುತ್ತವೆ. ಅಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಚೀನೀಯರೇ ಹೋಗುವ ಸಾಧಾರಣ ಹಡಗಿನಲ್ಲಿ ನಾವು ಹೋಗಬಹುದಾ? ಭಾಷೆ ಬರುವುದಿಲ್ಲ. ಸಸ್ಯಾಹಾರಿ, ಆದರೆ ಮೊಟ್ಟೆ ತಿನ್ನುತ್ತೇನೆ. ನಿಮ್ಮ ಅನುಭವ ಹೇಳಿದರೆ ತುಂಬಾ ಉಪಕಾರವಾಗುತ್ತದೆ.

ಯಿಚಾಂಗ್‌ನಲ್ಲಿ ಎಂಬಿಬಿಎಸ್ ಓದಿದ ಹಾಸನದವರು

ಖಂಡಿತ ಹೋಗಬಹುದು ಮೇಡಂ. ನಾನು ಓದುವಾಗ ರಜೆ ಸಿಕ್ಕಾಗಲೆಲ್ಲ ಈ ನದಿಯಲ್ಲಿ ಓಡಾಡಿದ್ದೇನೆ. ಆ ಊರಿನ ಮೇಲೆ ನನಗೆ ಇವತ್ತಿಗೂ ಪ್ರೀತಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ಹಡಗಿನ ಸ್ಟಾರ್, ಊಟ, ರೂಮು ಇವೆಲ್ಲ ಆಮೇಲೆ. ಟಿಕೆಟ್ ತೆಗೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಚುಟಾಂಗ್ ಮತ್ತು ವು ಕಮರಿಗಳನ್ನು ಈ ಹಡಗು ಎಷ್ಟು ಗಂಟೆಗೆ ದಾಟುತ್ತದೆ? ಅಗ್ಗದ ಹಡಗುಗಳಲ್ಲಿ ಕೆಲವು ರಾತ್ರಿ ಹೊತ್ತಿನಲ್ಲಿ ದಾಟಿಬಿಡುತ್ತವೆ. ಅಷ್ಟು ದೂರ ಹೋಗಿ ಕತ್ತಲೆಯಲ್ಲಿ ಮಲಗಿಕೊಂಡು ಕಮರಿ ದಾಟಿದರೆ ಏನು ಪ್ರಯೋಜನ ಹೇಳಿ. ಚುಟಾಂಗ್ ಕಮರಿಯ ಉದ್ದ ಬರೀ 8 ಕಿಲೋಮೀಟರ್. ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಆದರೆ ಮೂರರಲ್ಲಿ ಅದೇ ಇಕ್ಕಟ್ಟು, ಅದೇ ಕಡಿದು. ಎರಡೂ ಕಡೆ ಬಂಡೆ ನೆಟ್ಟಗೆ ನೀರಿಗಿಳಿದಿರುತ್ತದೆ. ಅದರ ಬಾಯಿಗೆ ಕ್ವೇಮನ್ ಅನ್ನುತ್ತಾರೆ. ಚೀನಾದ 10 ಯುವಾನ್ ನೋಟಿನ ಹಿಂಬದಿಯಲ್ಲಿ ಇರುವ ಚಿತ್ರ ಅದೇ. ಹಡಗು ಅಲ್ಲಿಗೆ ಬಂದಾಗ ಎಲ್ಲರೂ ನೋಟು ಹಿಡಿದುಕೊಂಡು ಮೇಲಿನ ಡೆಕ್ಕಿಗೆ ಬರುತ್ತಾರೆ. ನೀವು ಅರ್ಧ ಗಂಟೆ ಮುಂಚೆಯೇ ಹೋಗಿ ಮುಂದಿನ ಕಂಬಿ ಹಿಡಿದು ನಿಲ್ಲಿ.

ಅದಾದ ಮೇಲೆ ವು ಕಮರಿ, ಸುಮಾರು 45 ಕಿಲೋಮೀಟರ್. ಇಲ್ಲಿ ಹೆಸರಾಂತ ಹನ್ನೆರಡು ಶಿಖರಗಳಿವೆ. ದೇವಕನ್ಯೆ ನಿಂತ ಹಾಗೆ ಕಾಣುವ ಕಲ್ಲಿನ ಕಂಬವಿರುವ ಶಿಖರವನ್ನು ತಪ್ಪಿಸಬೇಡಿ. ಮೋಡ ಇದ್ದರೆ ಬೇಜಾರಾಗಬೇಡಿ. ವು ಕಮರಿ ಮೋಡದಲ್ಲೇ ಚೆನ್ನಾಗಿರುತ್ತದೆ, ಇದು ನನ್ನ ಗಟ್ಟಿ ಅಭಿಪ್ರಾಯ. ಮೂರನೆಯದು ಶಿಲಿಂಗ್, ಎಲ್ಲಕ್ಕಿಂತ ಉದ್ದ. ಹೆಸರಾಂತ ತ್ರೀ ಗಾರ್ಜಸ್ ಅಣೆಕಟ್ಟು ಇರುವುದು ಅದರ ಮಧ್ಯದಲ್ಲೇ.

ಹಡಗುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಐಷಾರಾಮಿ ಕ್ರೂಸ್: ಊಟ, ಇಂಗ್ಲಿಷ್ ಗೈಡ್, ಬಾಲ್ಕನಿ ಇರುವ ರೂಮು. ಇನ್ನೊಂದು ಚೀನೀ ಪ್ರವಾಸಿಗರಿಗಾಗಿಯೇ ಓಡುವ ಸಾಧಾರಣ ಹಡಗು. ಇದರಲ್ಲಿ ಎರಡು, ನಾಲ್ಕು, ಆರು ಜನ ಮಲಗುವ ಕ್ಯಾಬಿನ್‌ಗಳಿರುತ್ತವೆ. ಜನ ಜಾಸ್ತಿ ಆದಷ್ಟೂ ದರ ಕಮ್ಮಿ. ಸಾಮಾನ್ಯವಾಗಿ ಊಟ ಟಿಕೆಟ್‌ನಲ್ಲಿ ಸೇರಿರುವುದಿಲ್ಲ. ದಡದ ಜಾಗಗಳ ಪ್ರವೇಶ ಶುಲ್ಕವೂ ಬೇರೆ. ಮೈಕಿನಲ್ಲಿ ಹೇಳುವುದೆಲ್ಲ ಚೀನೀ ಭಾಷೆಯಲ್ಲೇ. ಕೆಲವು ಅಗ್ಗದ ಟಿಕೆಟ್‌ಗಳಲ್ಲಿ ಚೋಂಗ್‌ಚಿಂಗ್‌ನಿಂದ ವಾನ್‌ಝೋವರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಅಲ್ಲಿ ಹಡಗು ಹತ್ತಿಸುತ್ತಾರೆ. ಇದರಿಂದ ನಷ್ಟವಿಲ್ಲ, ಏಕೆಂದರೆ ಮೂರು ಕಮರಿಗಳೂ ವಾನ್‌ಝೋ ದಾಟಿದ ಮೇಲೆಯೇ ಬರುವುದು. ಆದರೆ ಎಲ್ಲಿ ಹತ್ತಬೇಕು ಎಂಬುದು ಗೊತ್ತಿರಬೇಕು.

ಟಿಕೆಟ್‌ಗೆ ಚೋಂಗ್‌ಚಿಂಗ್‌ನ ಚಾವ್‌ಟಿಯಾನ್‌ಮೆನ್ ಘಾಟಿನ ಏಜೆಂಟರ ಹತ್ತಿರ ನೇರವಾಗಿ ಹೋಗಬೇಡಿ. ನೀವು ಉಳಿಯುವ ಹಾಸ್ಟೆಲ್‌ನವರಿಂದಲೇ ಮಾಡಿಸಿ. ವಿದೇಶಿ ಪಾಸ್‌ಪೋರ್ಟ್‌ಗೆ ಆ ಹಡಗಿನವರು ಟಿಕೆಟ್ ಕೊಡುತ್ತಾರಾ, ಕ್ಯಾಬಿನ್‌ನಲ್ಲಿ ಬರೀ ಹೆಂಗಸರೇ ಇರುವ ಹಾಗೆ ಮಾಡುತ್ತಾರಾ, ಯಾವ ಯಾವ ಶುಲ್ಕ ಸೇರಿದೆ ಎಂಬುದನ್ನು ಅವರೇ ಫೋನ್ ಮಾಡಿ ಕೇಳುತ್ತಾರೆ. ಅದನ್ನೆಲ್ಲ ಕಾಗದದ ಮೇಲೆ ಬರೆಸಿಕೊಳ್ಳಿ.

ಇನ್ನು ದಿನಾಂಕ. ಅಕ್ಟೋಬರ್ 1ಕ್ಕೆ ಅವರ ರಾಷ್ಟ್ರೀಯ ದಿನ, ಅಲ್ಲಿಂದ ಒಂದು ವಾರ ದೇಶಕ್ಕೆ ದೇಶವೇ ರಜೆಯಲ್ಲಿರುತ್ತದೆ. ರೈಲು, ಹಾಸ್ಟೆಲ್, ಹಡಗು ಎಲ್ಲವೂ ತುಂಬಿ ದರ ಏರುತ್ತದೆ. ನೀವು ಸೆಪ್ಟೆಂಬರ್ 28ರೊಳಗೆ ಹಡಗು ಇಳಿದಿರಬೇಕು, ಇಲ್ಲವೇ ಅಕ್ಟೋಬರ್ 8 ಕಳೆದ ಮೇಲೆ ಹತ್ತಬೇಕು.

ಮಂಗಳೂರಿನವರು, ರೈಲಿನಲ್ಲಿ ಹೋಗಿ ನಡುವೆ ಹಡಗು ಹಿಡಿದವರು

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಬ್ಯಾಗ್ ಹೊತ್ತು ತಿರುಗುವವರಿಗೆ ಇನ್ನೊಂದು ದಾರಿ ಇದೆ, ನನಗೆ ಅದೇ ಜಾಸ್ತಿ ಇಷ್ಟವಾಯಿತು. ಚೋಂಗ್‌ಚಿಂಗ್‌ನಿಂದ ಝೆಂಗ್‌ಝೋಗೆ ಹೋಗುವ ಹೈಸ್ಪೀಡ್ ರೈಲು ಮಾರ್ಗ 2022ರ ಜೂನ್‌ನಲ್ಲಿ ಪೂರ್ತಿ ಶುರುವಾಯಿತು. ಅದರಲ್ಲಿ ಫಂಗ್‌ಜಿಯೆ, ವುಶಾನ್ ಎರಡೂ ಕಡೆ ನಿಲ್ದಾಣವಿದೆ. ಫಂಗ್‌ಜಿಯೆಯಲ್ಲಿ ಇಳಿದು ಬಾಯ್‌ಡಿಚಂಗ್ ಗುಡ್ಡ ಹತ್ತಿದರೆ ಕ್ವೇಮನ್ ಎದುರಿಗೇ ಕಾಣುತ್ತದೆ. ಮೂರು ರಾಜ್ಯಗಳ ಕಾಲದ ಲಿಯು ಬೇ ಎಂಬ ರಾಜ ಕ್ರಿ.ಶ. 223ರಲ್ಲಿ ತೀರಿಕೊಂಡದ್ದು ಇಲ್ಲೇ. ಹಡಗಿನವರು ಇಲ್ಲಿ ಓಡೋಡಿ ತೋರಿಸಿ ಹೊರಡಿಸುತ್ತಾರೆ. ನೀವಾಗಿ ಹೋದರೆ ಸಾಯಂಕಾಲದವರೆಗೂ ಕೂರಬಹುದು.

ಮಾರನೇ ದಿನ ವುಶಾನ್‌ಗೆ ಹೋಗಿ. ಅಲ್ಲಿ ಡಾನಿಂಗ್ ಎಂಬ ಉಪನದಿ ಬಂದು ಸೇರುತ್ತದೆ. ಅದರಲ್ಲಿ ಚಿಕ್ಕ ಹಡಗಿನಲ್ಲಿ ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ, ಕಿರು ಮೂರು ಕಮರಿ ಎಂದು ಅದಕ್ಕೆ ಹೆಸರು. ದೊಡ್ಡ ನದಿಗಿಂತ ನೀರು ಹಸಿರು, ಬಂಡೆ ಹತ್ತಿರ. ಬಂಡೆಯ ಬಿರುಕುಗಳಲ್ಲಿ ಹಳೇ ಕಾಲದ ಬಾ ಜನ ಇಟ್ಟ ಶವಪೆಟ್ಟಿಗೆಗಳನ್ನೂ ತೋರಿಸುತ್ತಾರೆ.

ಅದೂ ಆಗದಿದ್ದರೆ ಯಿಚಾಂಗ್‌ನಿಂದಲೇ ಒಂದು ದಿನದ ಹಡಗು ಇದೆ. ಎರಡು ಅಣೆಕಟ್ಟು, ಒಂದು ಕಮರಿ ಎಂದೇ ಅದನ್ನು ಕರೆಯುವುದು. ಗೆಝೋಬಾ ಅಣೆಕಟ್ಟಿನ ಲಾಕ್ ಗೇಟ್ (ನೀರು ತುಂಬಿಸಿ, ಇಳಿಸಿ ಹಡಗನ್ನು ಮೇಲೆ ಕೆಳಗೆ ಮಾಡುವ ತೊಟ್ಟಿ) ಮೂಲಕ ಹಡಗು ದಾಟುವುದನ್ನು ಒಳಗೇ ನಿಂತು ನೋಡಬಹುದು. ರಾತ್ರಿ ಹಡಗಿನಲ್ಲಿ ಉಳಿಯುವ ಖರ್ಚೂ ಇಲ್ಲ.

ಮೈಸೂರಿನ ಗೃಹಿಣಿ, ಮಗಳ ಜೊತೆ ಹೋಗಿ ಬಂದವರು

ಊಟದ ಬಗ್ಗೆ ನಾನು ಹೇಳುತ್ತೇನಮ್ಮ. ಚೋಂಗ್‌ಚಿಂಗ್‌ನ ಹಾಟ್‌ಪಾಟ್‌ಗೆ ದನದ ಕೊಬ್ಬು ಹಾಕುತ್ತಾರೆ, ನೂಡಲ್ಸ್‌ಗೆ ಹಂದಿ ಕೊಬ್ಬು. ತರಕಾರಿ ತೋರಿಸಿ ಕೊಡಿ ಎಂದರೂ ಮೇಲೆ ಒಂದು ಚಮಚ ಮಾಂಸದ ಪುಡಿ ಬಿದ್ದೇ ಬೀಳುತ್ತದೆ. ಅದಕ್ಕೆ ಒಂದು ಕೆಲಸ ಮಾಡಿ. ಮಾಂಸ, ಮೀನು, ಪ್ರಾಣಿ ಕೊಬ್ಬು, ಮಾಂಸದ ಸಾರು ಯಾವುದೂ ಬೇಡ, ಮೊಟ್ಟೆ ಆಗುತ್ತದೆ ಎಂದು ಚೀನೀ ಅಕ್ಷರದಲ್ಲಿ ಬರೆಸಿ ಒಂದು ಚೀಟಿ ಇಟ್ಟುಕೊಳ್ಳಿ. ಮಾತಿಗಿಂತ ಚೀಟಿ ಕೆಲಸ ಮಾಡುತ್ತದೆ. ಟೊಮೆಟೊ ಹಾಕಿ ಹುರಿದ ಮೊಟ್ಟೆ, ಆಲೂಗಡ್ಡೆ ಎಳೆಯ ಪಲ್ಯ, ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು, ಅನ್ನ ಇವು ಎಲ್ಲ ಕಡೆ ಸಿಗುತ್ತವೆ. ನಮಗೆ ಅದರಲ್ಲೇ ಹೊಟ್ಟೆ ತುಂಬುತ್ತಿತ್ತು.

ಹಡಗಿನಲ್ಲಿ, ರೈಲಿನಲ್ಲಿ, ಎಲ್ಲಿ ಹೋದರೂ ಕುದಿಯುವ ನೀರು ಪುಕ್ಕಟೆ. ಹಾಗಾಗಿ ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್ ಇಟ್ಟುಕೊಳ್ಳಿ. ಮುಚ್ಚಳ ಇರುವ ಸ್ಟೀಲ್ ಡಬ್ಬಿ ಒಂದು, ಚಟ್ನಿಪುಡಿ ಒಂದಿಷ್ಟು. ಹಣ್ಣು, ಹಾಲಿನ ಪದಾರ್ಥ ಒಯ್ಯಬೇಡಿ, ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ. ಹತ್ತುವ ಮುಂಚೆ ಊರಿನಲ್ಲೇ ಬಾಳೆಹಣ್ಣು, ಕಿತ್ತಳೆ ಕೊಂಡುಕೊಳ್ಳಿ. ಹಡಗಿನ ಅಂಗಡಿಯಲ್ಲಿ ಎಲ್ಲವೂ ದುಬಾರಿ.

ಹಡಗಿನಲ್ಲಿ ಚೀನೀ ಅಜ್ಜಿಯರು ಬಹಳ ಪ್ರೀತಿಯಿಂದ ಮಾತಾಡಿಸುತ್ತಾರೆ. ಮಾತು ಅರ್ಥವಾಗದಿದ್ದರೂ ಸುಮ್ನೆ ನಕ್ಕು ಪಕ್ಕದಲ್ಲಿ ಕೂರಿ. ನನಗೆ ಅವರು ಸೂರ್ಯಕಾಂತಿ ಬೀಜ ಸುಲಿಯುವುದನ್ನು ಕಲಿಸಿಕೊಟ್ಟರು.

ಬೆಂಗಳೂರಿನವರು, ಕೆಲಸದ ಮೇಲೆ ಚೀನಾಕ್ಕೆ ಹೋಗುವವರು

ಚಿಕ್ಕದಾಗಿ ಹೇಳಿಬಿಡುತ್ತೇನೆ. ಭಾರತದ ಪಾಸ್‌ಪೋರ್ಟ್‌ಗೆ 240 ಗಂಟೆಗಳ ವೀಸಾರಹಿತ ಟ್ರಾನ್ಸಿಟ್ ಸೌಲಭ್ಯ ಇಲ್ಲ, ಪ್ರವಾಸಿ ವೀಸಾ ಬೇಕೇ ಬೇಕು. ಕರ್ನಾಟಕದವರು ಚೀನಾದ ಮುಂಬೈ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತೇವೆ. ಅರ್ಜಿಯ ಜೊತೆ ದಿನವಾರು ಪ್ರಯಾಣದ ಪಟ್ಟಿ, ಉಳಿಯುವ ಜಾಗದ ಬುಕಿಂಗ್ ಇಡಿ.

ದುಡ್ಡು: ಅಲ್ಲಿ ದುಡ್ಡು ಕೊಡಲು ಬಳಸುವ ಅಲಿಪೇ, ವೀಚಾಟ್ ಆ್ಯಪ್ ಎರಡನ್ನೂ ಇಲ್ಲೇ ಹಾಕಿಕೊಂಡು ನಿಮ್ಮ ಬ್ಯಾಂಕಿನ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಸೇರಿಸಿ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರ ಚಾಲೂ ಮಾಡುವುದನ್ನು ಮರೆಯಬೇಡಿ. 200 ಯುವಾನ್‌ಗಿಂತ ದೊಡ್ಡ ಪಾವತಿಗೆ 3% ಶುಲ್ಕ ಹಿಡಿಯುತ್ತಾರೆ. ಒಂದಿಷ್ಟು ನಗದೂ ಇರಲಿ. ನದಿಯ ನಡುವೆ ನೆಟ್‌ವರ್ಕ್ ಹೋದಾಗ ಅದೇ ಗತಿ.

ಗೂಗಲ್, ವಾಟ್ಸ್ಆ್ಯಪ್ ಅಲ್ಲಿನ ಇಂಟರ್‌ನೆಟ್‌ನಲ್ಲಿ ನಡೆಯುವುದಿಲ್ಲ. ಇಲ್ಲಿಂದಲೇ ಅಂತರರಾಷ್ಟ್ರೀಯ ರೋಮಿಂಗ್ ಅಥವಾ ಪ್ರಯಾಣದ ಇ-ಸಿಮ್ ಹಾಕಿಸಿಕೊಂಡು ಹೋದರೆ ನಡೆಯುತ್ತವೆ. ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯನ್ನು ಆಫ್‌ಲೈನ್ ಇಳಿಸಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದ. ಇನ್ನೊಂದು ಕೇಳಬಹುದಾ? ಅಮ್ಮ ಸುರಕ್ಷತೆಯ ಬಗ್ಗೆ ತುಂಬಾ ಹೆದರಿದ್ದಾರೆ. ಯಾಂಗ್ತ್ಸೆಯಲ್ಲಿ ಹಡಗು ಮುಳುಗಿದ ಸುದ್ದಿ ಎಲ್ಲೋ ಓದಿದ್ದಾರೆ. ಒಬ್ಬಳೇ ಆದ್ದರಿಂದ ಎರಡು ಜನರ ಕ್ಯಾಬಿನ್‌ಗೆ ಪೂರ್ತಿ ದುಡ್ಡು ಕೊಡಬೇಕಾ ಎಂಬುದೂ ಗೊತ್ತಾಗುತ್ತಿಲ್ಲ.

ಹಾಸನದವರು ಮತ್ತೆ

ಅಮ್ಮ ಓದಿದ್ದು ನಿಜ. 2015ರ ಜೂನ್ 1ರ ರಾತ್ರಿ ಈಸ್ಟರ್ನ್ ಸ್ಟಾರ್ ಎಂಬ ಹಡಗು ಹುಬೇ ಪ್ರಾಂತ್ಯದ ಜಿಯಾನ್ಲಿ ಹತ್ತಿರ ಬಿರುಗಾಳಿಗೆ ಸಿಕ್ಕಿ ಮಗುಚಿತು. 442 ಜನ ಸತ್ತರು. ಹೆಚ್ಚಿನವರು ನಾನ್‌ಜಿಂಗ್‌ನಿಂದ ಚೋಂಗ್‌ಚಿಂಗ್‌ಗೆ ಹೊರಟಿದ್ದ ವಯಸ್ಸಾದ ಪ್ರವಾಸಿಗರು. ಅದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸರಿಯಲ್ಲ. ಅದು ನಡೆದದ್ದು ಅಣೆಕಟ್ಟಿಗಿಂತ ಬಹಳ ಕೆಳಗೆ, ಬಯಲು ನಾಡಿನಲ್ಲಿ. ನೀವು ಹೋಗುವುದು ಅಣೆಕಟ್ಟಿನ ಮೇಲಿನ ಜಲಾಶಯದಲ್ಲಿ. ಆದರೂ ಕ್ಯಾಬಿನ್‌ಗೆ ಹೋದ ಕೂಡಲೇ ಲೈಫ್ ಜಾಕೆಟ್ ಎಲ್ಲಿದೆ, ಮೇಲಿನ ಡೆಕ್ಕಿಗೆ ದಾರಿ ಯಾವುದು ಎಂದು ನೋಡಿಕೊಳ್ಳಿ. ಗಾಳಿಮಳೆಯ ಎಚ್ಚರಿಕೆ ಬಂದು ಹಡಗು ತಡವಾದರೆ ಜಗಳ ಆಡಬೇಡಿ, ತಡವಾಗಲಿ. ತೀರಾ ಹಳೆಯ ಹಡಗು ಎನಿಸಿದರೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ಹೊಸದನ್ನೇ ಹಿಡಿಯಿರಿ. ಉಳಿತಾಯ ಮಾಡಲು ಬೇರೆ ಜಾಗಗಳಿವೆ.

ಕ್ಯಾಬಿನ್ ವಿಷಯ: ಐಷಾರಾಮಿ ಹಡಗಿನಲ್ಲಿ ಒಬ್ಬರೇ ಆದರೆ ಹೆಚ್ಚುವರಿ ಹಣ ಕೇಳುತ್ತಾರೆ. ಇನ್ನೊಬ್ಬ ಹೆಂಗಸಿನ ಜೊತೆ ಹಂಚಿಕೊಳ್ಳುತ್ತೇನೆ ಎಂದು ಹೇಳಿ, ಜೊತೆ ಸಿಕ್ಕರೆ ಅದು ಉಳಿಯುತ್ತದೆ. ಸಾಧಾರಣ ಹಡಗಿನಲ್ಲಿ ಹಾಸಿಗೆಯ ಲೆಕ್ಕದಲ್ಲೇ ಟಿಕೆಟ್ ಸಿಗುತ್ತದೆ.

ಬಾಗಲಕೋಟೆಯ ಇಂಜಿನಿಯರ್

ನಾನು ಅಣೆಕಟ್ಟು ನೋಡಲೆಂದೇ ಹೋಗಿದ್ದೆ. ತ್ರೀ ಗಾರ್ಜಸ್ ಅಣೆಕಟ್ಟು 2,335 ಮೀಟರ್ ಉದ್ದ, ವಿದ್ಯುತ್ ಸಾಮರ್ಥ್ಯ 22,500 ಮೆಗಾವಾಟ್. ಹಡಗುಗಳಿಗೆ ಐದು ಮೆಟ್ಟಿಲಿನ ಲಾಕ್ ಗೇಟ್, ಅದರ ಪಕ್ಕದಲ್ಲಿ 2016ರಿಂದ ಓಡುತ್ತಿರುವ ಹಡಗಿನ ಲಿಫ್ಟ್. 3,000 ಟನ್ ವರ್ಗದ ಹಡಗನ್ನು ನೀರಿನ ತೊಟ್ಟಿಯ ಸಮೇತ ಎತ್ತಿ ಇಳಿಸುತ್ತಾರೆ. ಇದನ್ನು ಹೆಚ್ಚುವರಿ ಟಿಕೆಟ್ ಎಂದು ಮಾರುತ್ತಾರೆ. ಯಂತ್ರಗಳಲ್ಲಿ ಆಸಕ್ತಿ ಇದ್ದರೆ ಆ ದುಡ್ಡು ಖಂಡಿತ ಕೊಡಿ.

ಆದರೆ ನನ್ನ ಮನಸ್ಸು ಹಿಡಿದು ನಿಲ್ಲಿಸಿದ್ದು ದಡದ ಮೇಲಿನ ಫಲಕಗಳು. 175 ಮೀಟರ್ ಎಂದು ಬರೆದಿರುತ್ತಾರೆ. ಜಲಾಶಯ ತುಂಬಿದಾಗ ನೀರು ನಿಲ್ಲುವ ಮಟ್ಟ ಅದು. ಮಳೆಗಾಲಕ್ಕೆ ಮೊದಲು 145 ಮೀಟರ್‌ಗೆ ಇಳಿಸಿ, ಸೆಪ್ಟೆಂಬರ್‌ನಿಂದ ಮತ್ತೆ ತುಂಬಿಸುತ್ತಾರೆ. ನೀವು ಹೋಗುವಾಗ ನೀರು ಏರುತ್ತಾ ಇರುತ್ತದೆ. 12 ಲಕ್ಷಕ್ಕೂ ಹೆಚ್ಚು ಜನರನ್ನು ಅಲ್ಲಿಂದ ಎಬ್ಬಿಸಿದರು. ಫಂಗ್‌ಜಿಯೆ, ವುಶಾನ್, ಬಾಡೋಂಗ್ ಹಳೇ ಊರುಗಳು ನೀರಿನಡಿ ಹೋಗಿ ಗುಡ್ಡದ ಮೇಲೆ ಹೊಸದಾಗಿ ಎದ್ದಿವೆ. ನಮ್ಮ ಮನೆಯೂ ಆಲಮಟ್ಟಿ ಹಿನ್ನೀರಿಗೆ ಹೋಗಿ ನಾವು ನವನಗರಕ್ಕೆ ಬಂದವರು. ಡೆಕ್ಕಿನ ಮೇಲೆ ಎಲ್ಲರೂ ಬೆಟ್ಟದ ಫೋಟೋ ತೆಗೆಯುತ್ತಿದ್ದಾಗ ನಾನು ನೀರನ್ನೇ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನೀರಿನ ಕಡೆ ಕೈ ತೋರಿಸಿ, ಫೋನಿನ ಅನುವಾದದಲ್ಲಿ ತಮ್ಮ ಶಾಲೆ ಕೆಳಗಿದೆ ಎಂದು ಹೇಳಿದರು. ನಮ್ಮದೂ ಎಂದು ನಾನು ಹೇಳಿದೆ. ಆಮೇಲೆ ಇಬ್ಬರೂ ಬಹಳ ಹೊತ್ತು ಜೊತೆಗೇ ನಿಂತಿದ್ದೆವು.

ಶಿಬಾವ್‌ಜಾಯ್‌ನಲ್ಲಿ ನಿಲ್ಲಿಸುವ ಹಡಗಾದರೆ ಇಳಿದು ನೋಡಿ. ಬಂಡೆಗೆ ಆತು ನಿಂತ ಹನ್ನೆರಡು ಅಂತಸ್ತಿನ ಕೆಂಪು ಮರದ ಗೋಪುರ. ಮುಳುಗದಂತೆ ಸುತ್ತಲೂ ಗೋಡೆ ಕಟ್ಟಿ ಉಳಿಸಿಕೊಂಡಿದ್ದಾರೆ. ದೆವ್ವಗಳ ಊರು ಎಂದೇ ಹೆಸರಾದ ಫಂಗ್‌ಡುವಿನ ಗುಡಿಗಳಿಗಿಂತ ನನಗೆ ಇದು ನೂರು ಪಾಲು ಇಷ್ಟವಾಯಿತು.

ಹಾಸನದವರು

ಬಾಗಲಕೋಟೆಯ ಸರ್, ಇದನ್ನು ಬರೆದದ್ದಕ್ಕೆ ಧನ್ಯವಾದ. ಯಿಚಾಂಗ್‌ನಲ್ಲಿ ನನ್ನ ಮನೆ ಮಾಲೀಕರೂ ಹಾಗೆ ಎದ್ದು ಬಂದವರೇ.

ಮೇಡಂ, ಕೊನೆಯದಾಗಿ ಇಳಿಯುವ ವಿಷಯ. ಹಡಗು ಸಾಮಾನ್ಯವಾಗಿ ಯಿಚಾಂಗ್ ಊರಿನವರೆಗೂ ಬರುವುದಿಲ್ಲ. ಅಣೆಕಟ್ಟಿನ ಮೇಲುಗಡೆ ಮಾವ್‌ಪಿಂಗ್ ಘಾಟಿನಲ್ಲಿ ಇಳಿಸುತ್ತಾರೆ. ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಗೂ ಸ್ವಲ್ಪ ಜಾಸ್ತಿ. ಆ ಬಸ್ಸು ಟಿಕೆಟ್‌ನಲ್ಲಿ ಸೇರಿದೆಯಾ ಎಂದು ಹಾಸ್ಟೆಲ್‌ನಲ್ಲೇ ಕೇಳಿಟ್ಟುಕೊಳ್ಳಿ. ಅಣೆಕಟ್ಟು ನೋಡಲು ಪಾಸ್‌ಪೋರ್ಟ್ ಕೈಯಲ್ಲೇ ಇರಲಿ, ದೊಡ್ಡ ಬ್ಯಾಗಿನೊಳಗೆ ಹಾಕಬೇಡಿ. ವುಹಾನ್‌ಗೆ ಹೋಗುವುದಾದರೆ ಯಿಚಾಂಗ್ ಪೂರ್ವ ನಿಲ್ದಾಣದಿಂದ ಹೈಸ್ಪೀಡ್ ರೈಲು ಇವೆ. ಹಡಗು ತಡವಾಗುವುದು ಮಾಮೂಲಿ, ಹಾಗಾಗಿ ಅದೇ ದಿನದ ರೈಲು ಬೇಕಿದ್ದರೆ ಸಂಜೆಯದ್ದನ್ನೇ ಬುಕ್ ಮಾಡಿ. ವೀಸಾ ಕೈಗೆ ಬಂದ ಮೇಲೆ ದಿನಾಂಕ ಇಲ್ಲಿ ಬರೆಯಿರಿ. ಹಡಗಿನವರನ್ನು ಕೇಳಬೇಕಾದ ಪ್ರಶ್ನೆಗಳನ್ನೂ ಊಟದ ಚೀಟಿಯನ್ನೂ ಚೀನೀ ಅಕ್ಷರದಲ್ಲಿ ಬರೆದುಕೊಡುತ್ತೇನೆ.